ಬಿಕ್ಕೋಡು ಹೋಬಳಿಯ ವಾಯುಮೀಮಾಂಸೆ

ಪೀಠಿಕಾ ಪ್ರಕರಣ

ಊರೊಂದರ ಮೇಲೆ ಸಂಶೋಧನ ಪ್ರಬಂಧ ಬರೆಯುವವರು ಆ ಊರಿಗೆ ಹೆಸರು ಹೇಗೆ ಬಂತು ಎಂಬಲ್ಲಿಂದ ಶುರುಮಾಡಿ ಅಲ್ಲೇ ಮುಗಿಸುವುದು ವಿದ್ವತ್ ಲೋಕದ ವಾಡಿಕೆ. ಪ್ರಸ್ತುತ ಪ್ರಬಂಧಕಾರನು ವಿನಯಪೂರ್ವಕವಾಗಿ ಆ ವಾಡಿಕೆಯನ್ನು ಕೈಬಿಟ್ಟಿದ್ದಾನೆ. ಬಿಕ್ಕೋಡು ಎಂಬುದು ಹಾಸನ ಜಿಲ್ಲೆ ಬೇಲೂರು ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ಸುತ್ತ ಕಾಫಿ ತೋಟ, ತೋಟದಲ್ಲಿ ಮರ, ಮರಕ್ಕೆ ಮೆಣಸಿನ ಬಳ್ಳಿ, ಬಳ್ಳಿಯ ಬುಡದಲ್ಲಿ ಕೆಲವು ದಿನ ಆನೆ. ಭೂಗೋಳ ಇಷ್ಟು ಸಾಕು. ಈ ಊರಿನ ಗಾಳಿಯ ಬಗ್ಗೆ ಮೊಬೈಲಿನಲ್ಲಿ ಮೂಡುವ ಅಂಕಿ ಎಲ್ಲಿಂದ ಬರುತ್ತದೆ, ಅದನ್ನು ನಂಬಿದವರ ಗತಿ ಏನು ಎಂಬುದು ಪ್ರಬಂಧದ ವಿಷಯ.

ಆ್ಯಪ್ ಬರುವ ಮೊದಲು ಬಿಕ್ಕೋಡಿನಲ್ಲಿ ವಾಯುವಿಜ್ಞಾನ ಇರಲಿಲ್ಲವೆಂದು ಯಾರೂ ಭಾವಿಸಬಾರದು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರಿನ ನೀರಿನ ನಾತ ಯಾವ ದಿಕ್ಕಿನಿಂದ ಬಂತೆಂದು ಮೂಗೆತ್ತಿ ನೋಡಿ, ಯಾರ ತೋಟದಲ್ಲಿ ಹಣ್ಣು ಕೊಯ್ಲು ಶುರುವಾಯಿತೆಂದು ಹೇಳುವವರು ಇಲ್ಲಿದ್ದರು, ಈಗಲೂ ಇದ್ದಾರೆ. ಶುಂಠಿ ಹೊಲಕ್ಕೆ ಔಷಧಿ ಹೊಡೆದದ್ದು, ಪಕ್ಕದ ಮನೆಯವರು ತರಗಿಗೆ ಬೆಂಕಿ ಹಾಕಿದ್ದು, ಹೂಮಳೆ ಬಿದ್ದು ವಾರ ಹತ್ತು ದಿನಕ್ಕೆ ಕಾಫಿ ಅರಳಿದ್ದು, ಎಲ್ಲವನ್ನೂ ಮೂಗೇ ದಾಖಲಿಸುತ್ತಿತ್ತು. ಆದರೆ ಮೂಗಿಗೆ ಎರಡು ಶಾಸ್ತ್ರೀಯ ದೋಷಗಳಿದ್ದವು. ಅದರ ಮೇಲೆ ಅಂಕಿ ಮೂಡುತ್ತಿರಲಿಲ್ಲ. ನೆಗಡಿಯಾದಾಗಲ್ಲದೆ ಬಣ್ಣವೂ ಬದಲಾಗುತ್ತಿರಲಿಲ್ಲ.

ಈ ಕೊರತೆಯನ್ನು 2015ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ನೀಗಿಸಿತು. ರಾಷ್ಟ್ರೀಯ ವಾಯು ಗುಣಮಟ್ಟ ಸೂಚ್ಯಂಕ ಎಂಬ ಹೆಸರಿನಲ್ಲಿ ಸೊನ್ನೆಯಿಂದ 500ರವರೆಗೆ ಅಂಕಿ ಬಂತು, ಕಡುಹಸಿರಿನಿಂದ ಕಡುಗೆಂಪಿನವರೆಗೆ ಆರು ಬಣ್ಣ ಬಂತು. 50ರೊಳಗೆ ‘ಉತ್ತಮ’, 100ರವರೆಗೆ ‘ತೃಪ್ತಿಕರ’, ಅಲ್ಲಿಂದಾಚೆ ಮಧ್ಯಮ, ಕಳಪೆ, ಅತಿ ಕಳಪೆ. 400 ದಾಟಿದರೆ ‘ತೀವ್ರ’. ಎಂಟು ಮಾಲಿನ್ಯಕಾರಕಗಳ ಪಟ್ಟಿ ಇಟ್ಟುಕೊಂಡು, ಅಳೆದ ಪ್ರತಿಯೊಂದಕ್ಕೂ ಬೇರೆ ಬೇರೆ ಅಂಕ ಕೊಟ್ಟು, ಅವುಗಳಲ್ಲಿ ಅತಿ ಕೆಟ್ಟದ್ದನ್ನೇ ಊರಿನ ಅಂಕವೆಂದು ಘೋಷಿಸುವುದು ನಿಯಮ. ಎಂಟು ವಿಷಯದ ಪರೀಕ್ಷೆ ಬರೆದ ಹುಡುಗನಿಗೆ ಅವನು ಫೇಲಾದ ವಿಷಯದ ಅಂಕವನ್ನೇ ಒಟ್ಟು ಅಂಕವೆಂದು ಕೊಟ್ಟಂತೆ. ಪ್ರಬಂಧಕಾರನಿಗೆ ಇದರಲ್ಲಿ ತಕರಾರಿಲ್ಲ. ಶ್ವಾಸಕೋಶವೂ ಹೀಗೆಯೇ ಲೆಕ್ಕ ಹಾಕುತ್ತದೆ.

ಪ್ರಮಾಣ ಪ್ರಕರಣ

ಕ್ಷೇತ್ರಕಾರ್ಯವಿಲ್ಲದೆ ಪ್ರಬಂಧವಿಲ್ಲ. ಬಸ್ಸು ನಿಲ್ಲುವಲ್ಲಿನ ಚಹಾದಂಗಡಿಯೊಂದರಲ್ಲಿ ನಡೆದ ವಿದ್ವದ್ಗೋಷ್ಠಿಯ ಸಾರಾಂಶ ಹೀಗಿದೆ. ಕಾಲೇಜು ಮುಗಿಸಿದ ಯುವಕನೊಬ್ಬ ಫೋನು ತೋರಿಸಿ, “ಬಿಕ್ಕೋಡು 42 ಐತೆ ಕಣಣ್ಣ. ಹಸಿರು. ಫಸ್ಟ್ ಕ್ಲಾಸ್ ಗಾಳಿ” ಎಂದು ಮಂಡಿಸಿದ. ಬೆಂಚಿನ ತುದಿಯಲ್ಲಿದ್ದ ಹಿರಿಯರು ಎಲ್ಲಿಂದ ಅಳೆಯುತ್ತದೆಂದು ಕೇಳಿದರು. “ಫೋನೇ ಗಾಳಿ ಎಳ್ಕೊಂಡು ನೋಡ್ತದೆ” ಎಂಬ ಉತ್ತರ ಬಂತು. ಹಿರಿಯರು ಮರುಮಾತಾಡದೆ ಫೋನನ್ನು ಕೈಗೆ ತೆಗೆದುಕೊಂಡು, ಬೀಡಿ ಎಳೆದು, ಅದರ ಸ್ಪೀಕರಿನ ತೂತುಗಳಿಗೆ ನಿಧಾನವಾಗಿ ಹೊಗೆ ಬಿಟ್ಟರು. ಅಂಕಿ 42 ಇದ್ದದ್ದು 42ರಲ್ಲೇ ಇತ್ತು. “ನಿನ್ ಫೋನಿಗೂ ಬೀಡಿ ಅಭ್ಯಾಸ ಐತೆ ಬಿಡು” ಎಂದು ಫೋನು ವಾಪಸು ಕೊಟ್ಟರು. ವಾಯುಶಾಸ್ತ್ರದ ಚರಿತ್ರೆಯಲ್ಲಿ ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಖಚಿತವಾದ ಪ್ರಯೋಗ ಅಪರೂಪ. ನಾವು ಜೇಬಿನಲ್ಲಿಟ್ಟುಕೊಂಡು ತಿರುಗುವ ಮೊಬೈಲಿನಲ್ಲಿ ಗಾಳಿಯ ಧೂಳನ್ನು ಅಳೆಯುವ ಸಾಧನ ಇರುವುದಿಲ್ಲ. ನೀವು ಎಲ್ಲಿದ್ದೀರಿ ಎಂದಷ್ಟೇ ಅದಕ್ಕೆ ಗೊತ್ತು. ಏನನ್ನು ಉಸಿರಾಡುತ್ತಿದ್ದೀರಿ ಎಂದು ಗೊತ್ತಿಲ್ಲ.

ಹಾಗಾದರೆ ಆ 42 ಬಂದದ್ದೆಲ್ಲಿಂದ? ಜ್ಞಾನದ ಮೂಲಗಳನ್ನು ನಮ್ಮ ತಾರ್ಕಿಕರು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ವಿಂಗಡಿಸಿದ್ದಾರೆ. ಒಂದೊಂದಾಗಿ ನೋಡೋಣ.

ಪ್ರತ್ಯಕ್ಷವೆಂದರೆ ಯಂತ್ರವಿಟ್ಟು ಅಳೆಯುವುದು. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಇಂಥ ಕೇಂದ್ರ ಹಾಸನದ ಹೇಮಾವತಿ ನಗರದಲ್ಲಿದೆ, ಚಿಕ್ಕಮಗಳೂರಿನ ಕಲ್ಯಾಣ ನಗರದಲ್ಲಿದೆ. ಇಂಥ ಕೇಂದ್ರಗಳ ಯಂತ್ರ ಗಾಳಿಯನ್ನು ಎಳೆದು, ಅದರಲ್ಲಿರುವ ಧೂಳನ್ನು ಪಟ್ಟಿಯೊಂದರ ಮೇಲೆ ಹಿಡಿದು, ಅದರ ಮೂಲಕ ಬೀಟಾ ಕಿರಣ ಹಾಯಿಸಿ, ಎಷ್ಟು ತಡೆಯಿತು ಎಂಬುದರಿಂದ ಧೂಳಿನ ತೂಕ ಹೇಳುತ್ತದೆ. ಗೌರವಕ್ಕೆ ಪಾತ್ರವಾದ ಯಂತ್ರ. ಅದು ಅಳೆಯುವುದು ಹಾಸನದ ಗಾಳಿಯನ್ನು.

ಉಪಮಾನವೆಂದರೆ ಹಾಸನದಂತೆಯೇ ಬಿಕ್ಕೋಡು ಎಂಬ ನಂಬಿಕೆ. ಹತ್ತಿರದ ಯಂತ್ರದ ಅಂಕಿಯನ್ನು ಎತ್ತಿ ನಿಮ್ಮ ಊರಿನ ಹೆಸರಿನ ಕೆಳಗೆ ಇಟ್ಟುಬಿಡುವ ಆ್ಯಪ್‌ಗಳು ಈ ಪಂಥದವು.

ಅನುಮಾನ ಪಂಥ ಇನ್ನೂ ವಿಶಾಲ ಹೃದಯದ್ದು. ಯುರೋಪಿನ ಕೊಪರ್ನಿಕಸ್ ವಾತಾವರಣ ಸೇವೆಯು ಉಪಗ್ರಹದ ಮಾಹಿತಿಯನ್ನೂ ಹವಾಮಾನದ ಗಣಿತವನ್ನೂ ಸೇರಿಸಿ ಇಡೀ ಭೂಮಿಗೆ ಗಾಳಿಯ ಅಂದಾಜು ಕೊಡುತ್ತದೆ. ಅದಕ್ಕಾಗಿ ಭೂಮಿಯನ್ನು ಸುಮಾರು 40 ಕಿಲೋಮೀಟರಿನ ಚೌಕಗಳಾಗಿ ಕತ್ತರಿಸಿಕೊಂಡಿದೆ. ಅಂಥ ಒಂದು ಚೌಕದಲ್ಲಿ ಬೇಲೂರು, ಹಳೇಬೀಡು, ಬಿಕ್ಕೋಡು ಮೂರೂ ಹಿಡಿಸಿ ಇನ್ನೂ ಜಾಗ ಮಿಗುತ್ತದೆ. ಹಳೇಬೀಡಿನ ಬಯಲಿನ ಬಿಸಿಲು, ಬಿಕ್ಕೋಡಿನ ಕಣಿವೆಯ ಮಂಜು ಎಲ್ಲಕ್ಕೂ ಒಂದೇ ಅಂಕಿ. ಭೂಮಿಯ ಮಟ್ಟಿಗೆ ಇದು ದೊಡ್ಡ ಸಾಧನೆಯೇ ಸರಿ. ಚಹಾದಂಗಡಿಯ ಮಟ್ಟಿಗೆ ಇದು ಇಡೀ ತಾಲ್ಲೂಕಿಗೆ ಒಂದೇ ಅಳತೆಯ ಚಪ್ಪಲಿ ಹೊಲಿಸುವ ಯೋಜನೆ.

ಉಳಿದದ್ದು ಶಬ್ದಪ್ರಮಾಣ. ಫೋನು ಹೇಳಿತು, ಆದ್ದರಿಂದ ಸತ್ಯ. ಹೆಚ್ಚಿನ ಅನುಯಾಯಿಗಳು ಇರುವುದು ಈ ಪಂಥಕ್ಕೇ.

ಮೀಮಾಂಸಕರಲ್ಲಿ ಒಂದು ಪಂಥದವರು ಇನ್ನೊಂದು ಪ್ರಮಾಣವನ್ನೂ ಒಪ್ಪುತ್ತಾರೆ: ಅನುಪಲಬ್ಧಿ. ಇಲ್ಲದ್ದನ್ನು ಇಲ್ಲವೆಂದು ತಿಳಿಯುವುದು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ‘ಸಮೀರ್’ ಆ್ಯಪ್ ಈ ವಿಷಯದಲ್ಲಿ ಕಟ್ಟಾ ಮೀಮಾಂಸಕ. ಯಂತ್ರವಿರುವ ಊರನ್ನಷ್ಟೇ ತೋರಿಸುತ್ತದೆ, ಬಿಕ್ಕೋಡು ಎಂದು ಹುಡುಕಿದರೆ ಮೌನ ವಹಿಸುತ್ತದೆ. ಸರ್ಕಾರಿ ವ್ಯವಸ್ಥೆಯ ಮೌನವನ್ನು ಪ್ರಾಮಾಣಿಕತೆಯೆಂದು ಹೊಗಳುವ ಅವಕಾಶ ಪ್ರಬಂಧಕಾರನಿಗೆ ಜೀವನದಲ್ಲಿ ಮತ್ತೆ ಸಿಗಲಾರದು, ಆದ್ದರಿಂದ ಇಲ್ಲೇ ಹೊಗಳಿಬಿಡುತ್ತಾನೆ.

ಅಂಕಿಯ ಮೂಲ ಬಗೆಹರಿದರೂ ಅರ್ಥ ಬಗೆಹರಿಯುವುದಿಲ್ಲ. ಒಂದು ಘನ ಮೀಟರ್ ಗಾಳಿಯಲ್ಲಿ 60 ಮೈಕ್ರೊಗ್ರಾಂ ಪಿಎಂ 2.5, ಅಂದರೆ ಎರಡೂವರೆ ಮೈಕ್ರಾನಿಗೂ ಸಣ್ಣ ಧೂಳು, ಇದೆ ಎಂದುಕೊಳ್ಳಿ. ಭಾರತದ ಲೆಕ್ಕದಲ್ಲಿ ಸೂಚ್ಯಂಕ 100, ‘ತೃಪ್ತಿಕರ’. ಅದೇ ಗಾಳಿ ಅಮೆರಿಕದ ಲೆಕ್ಕದಲ್ಲಿ 150 ದಾಟಿ ಕೆಂಪು ಬಣ್ಣದ ‘ಅನಾರೋಗ್ಯಕರ’. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ದಿನವೊಂದಕ್ಕೆ ಹಾಕಿದ ಮಿತಿ 15 ಮೈಕ್ರೊಗ್ರಾಂ. ಅದರ ಪ್ರಕಾರ ಇದು ಮಿತಿಯ ನಾಲ್ಕು ಪಟ್ಟು. ಒಂದೇ ಮನೆಯಲ್ಲಿ ಅಣ್ಣನ ಫೋನು ಭಾರತದ ಪಕ್ಷ, ತಮ್ಮನ ಫೋನು ಅಮೆರಿಕದ ಪಕ್ಷವಾದರೆ ಅಣ್ಣ ವಾಕಿಂಗ್ ಹೊರಡುತ್ತಾನೆ, ತಮ್ಮ ಕಿಟಕಿ ಮುಚ್ಚುತ್ತಾನೆ. ಆಸ್ತಿ ಭಾಗವಾಗದ ಮನೆಯಲ್ಲೂ ಗಾಳಿ ಭಾಗವಾಗುವ ಸಂಭವವಿದೆ.

ಧೂಮ ಪ್ರಕರಣ

ಬೆಟ್ಟದಲ್ಲಿ ಹೊಗೆ ಕಂಡರೆ ಅಲ್ಲಿ ಬೆಂಕಿ ಇದೆ ಎಂಬುದು ತರ್ಕಶಾಸ್ತ್ರದ ಮೊದಲ ಪಾಠ. ಜೊತೆಗೇ ಹಿಂದಿನವರು ಒಂದು ಎಚ್ಚರಿಕೆಯನ್ನೂ ಕೊಟ್ಟಿದ್ದರು: ಕಂಡದ್ದು ಹೊಗೆಯೋ ಹಬೆಯೋ ಎಂದು ಸಂದೇಹವಿದ್ದಾಗ ಬೆಂಕಿಯನ್ನು ಸಾಧಿಸಲು ಹೋಗಬೇಡಿ. ಈ ದೋಷಕ್ಕೆ ಸಂದಿಗ್ಧಾಸಿದ್ಧ ಎಂದು ಹೆಸರು. ಅಂಗೈಯಗಲದ ಗಾಳಿ ಮಾಪಕ ಮಾಡುವವರು ಈ ಪಾಠದ ದಿನ ಶಾಲೆಗೆ ಬಂದಿರಲಿಲ್ಲವೆಂದು ಕಾಣುತ್ತದೆ.

ಬೆಂಗಳೂರಿನಿಂದ ಬಂದ ನೆಂಟರ ಹುಡುಗನೊಬ್ಬ ಅಂಥದ್ದೊಂದನ್ನು ತಂದು ಜಗುಲಿಯ ಮೇಲಿಟ್ಟ. ಅದರೊಳಗೆ ಒಂದು ಪುಟ್ಟ ಫ್ಯಾನು, ಒಂದು ಲೇಸರ್ ಬೆಳಕು. ಗಾಳಿಯಲ್ಲಿ ಹಾಯುವ ಕಣ ಬೆಳಕನ್ನು ಚದುರಿಸಿದರೆ ಅದನ್ನು ಲೆಕ್ಕಕ್ಕೆ ಹಿಡಿಯುತ್ತದೆ. ಕಣ ಧೂಳೋ ನೀರಿನ ಹನಿಯೋ ಎಂದು ವಿಚಾರಿಸುವ ಸ್ವಭಾವ ಅದಕ್ಕಿಲ್ಲ. ತೇವ ಹೆಚ್ಚಾದಾಗ ಕಣಗಳು ನೀರು ಕುಡಿದು ಉಬ್ಬುತ್ತವೆ. ಉಬ್ಬಿದ ಕಣ ಹೆಚ್ಚು ಬೆಳಕು ಚದುರಿಸುತ್ತದೆ. ಮಾಗಿಯ ಮುಂಜಾವದಲ್ಲಿ ಮಂಜು ಇಳಿದು ಎದುರು ಮನೆಯೂ ಕಾಣದ ಹೊತ್ತಿಗೆ ಬಿಕ್ಕೋಡು ದೆಹಲಿಯನ್ನು ಮೀರಿಸಿತು. ಹುಡುಗ ಮಾಸ್ಕ್ ಹಾಕಿಕೊಂಡ. ಬಿಸಿಲೇರಿ ಮಂಜು ಕರಗಿದಾಗ ಮಾಲಿನ್ಯವೂ ಕರಗಿತು. ಅದೇ ಡಬ್ಬಿಯಲ್ಲಿ ಸಾವಯವ ಆವಿಗಳಿಗೆಂದು ಇನ್ನೊಂದು ಮಾಪಕವಿತ್ತು. ಪೇಂಟಿನ ವಾಸನೆ, ಸೆಂಟಿನ ವಾಸನೆ, ಒಗ್ಗರಣೆ ಎಲ್ಲವೂ ಅದಕ್ಕೆ ಸಮಾನ. ಕಾಫಿ ಹೂ ಬಿಟ್ಟು ಊರೆಲ್ಲ ಘಮ್ಮೆನ್ನುವ ದಿನ ಅದು ಏನು ಹೇಳೀತು ಎಂಬುದನ್ನು ಮುಂದಿನ ಸಂಶೋಧಕರಿಗೆ ಬಿಟ್ಟಿದ್ದೇವೆ. ತೋಟದವರು ನಷ್ಟ ಪರಿಹಾರ ಕೊಡಬೇಕಾಗಿ ಬಂದೀತು.

ಹಂಡೆ ಪ್ರಕರಣ

ಇನ್ನು ಬೆಂಕಿಯೂ ಇದ್ದು ಹೊಗೆಯೂ ಇದ್ದು ಅಂಕಿ ಮಾತ್ರ ಇಲ್ಲದ ಸ್ಥಳಕ್ಕೆ ಬರೋಣ. ಮಲೆನಾಡಿನ ಮನೆಯ ಬಚ್ಚಲಲ್ಲಿ ಹಂಡೆ ಇದೆ, ಹಂಡೆಯ ಕೆಳಗೆ ಒಲೆ ಇದೆ. ಅಡುಗೆಗೆ ಗ್ಯಾಸ್ ಬಂದ ಮೇಲೂ ಸ್ನಾನದ ನೀರಿಗೆ ಸೌದೆ ಬಿಟ್ಟಿಲ್ಲ. ಮರಗಸಿ ಮಾಡಿ ಕಡಿದ ರೆಂಬೆ ತೋಟದಲ್ಲೇ ಸಿಗುವಾಗ ಸಿಲಿಂಡರಿನಲ್ಲಿ ಯಾರು ನೀರು ಕಾಯಿಸುತ್ತಾರೆ? ತೋಟದ ಕೂಲಿಗಾರರ ಲೈನ್ ಮನೆಗಳಲ್ಲಿ ಎಷ್ಟೋ ಕಡೆ ಅಡುಗೆಯೂ ಸೌದೆಯದೇ. ಮಳೆಗಾಲದಲ್ಲಿ ಸೌದೆ ಹಸಿ, ಊದುವವರ ಕಣ್ಣು ಕೆಂಪು. ಸೌದೆ ಒಲೆಯ ಮುಂದೆ ಪಿಎಂ 2.5 ನೂರಾರು ಮೈಕ್ರೊಗ್ರಾಂ ಮುಟ್ಟುವುದು ಸಾಮಾನ್ಯ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಇಲ್ಲಿ ಅಣಕಿಗೆ ಜಾಗವಿಲ್ಲ, ಆದ್ದರಿಂದ ಪ್ರಬಂಧಕಾರನು ಒಂದು ಸಾಲು ಸುಮ್ಮನಿರುತ್ತಾನೆ.

ಬಚ್ಚಲೊಲೆಗೆ ಸೌದೆ ನೂಕುತ್ತಿದ್ದ ಅಜ್ಜಿಯೊಬ್ಬರ ಮುಂದೆ ಮೊಮ್ಮಗ, “ಅಜ್ಜಿ, ಇವತ್ತು ನಮ್ಮೂರ ಗಾಳಿ ಉತ್ತಮ” ಎಂದು ಹಸಿರು ಪರದೆ ಹಿಡಿದ. ಅಜ್ಜಿ ಕೆಮ್ಮಿ ಮುಗಿಸಿ, “ಊರ ಗಾಳಿ ಉತ್ತಮ ಇರ್ಲಿ ಕಣ್ ಮಗ, ಆ ಊದುಗೊಳವೆ ಇತ್ತ ಕೊಡು” ಎಂದರು. ಗಾಳಿಯ ಅಂಕಿಗೆ ಬಚ್ಚಲ ಬಾಗಿಲೊಳಗೆ ಪ್ರವೇಶವಿಲ್ಲ ಎಂಬುದಕ್ಕೆ ಇದಕ್ಕಿಂತ ಸಂಕ್ಷಿಪ್ತ ಭಾಷ್ಯ ನಮಗೆ ದೊರೆತಿಲ್ಲ.

ಗಜ ಪ್ರಕರಣ

ಬಿಕ್ಕೋಡಿನವರಿಗೆ ಎಚ್ಚರಿಕೆಯ ಸಂದೇಶ ಹೊಸದಲ್ಲ. ಬೆಳಗಾದರೆ ಇಲ್ಲಿ ಫೋನು ನೋಡುವುದೇ ಆನೆ ಎಲ್ಲಿದೆ ಎಂದು ತಿಳಿಯಲು. ಅರಣ್ಯ ಇಲಾಖೆ ಕೆಲವು ಆನೆಗಳಿಗೆ ರೇಡಿಯೊ ಕಾಲರ್ ಹಾಕಿದೆ. ಆನೆ ಕಾರ್ಯಪಡೆಯ ಸಿಬ್ಬಂದಿ ಹಿಂಡಿನ ಹಿಂದೆ ನಡೆದು, ಹೆಜ್ಜೆ ನೋಡಿ, ಲದ್ದಿ ಬಿಸಿ ಇದೆಯೋ ಆರಿದೆಯೋ ನೋಡಿ ಸುದ್ದಿ ಕಳಿಸುತ್ತಾರೆ. ವಾಟ್ಸ್‌ಆ್ಯಪ್ ಗುಂಪಿನಲ್ಲಿ “ಕೆರೆ ಏರಿ ಹತ್ರ ಮೂರು ಐತೆ, ಕೆಲಸದೋರನ್ನ ಬಿಡ್ಬೇಡಿ” ಎಂದು ಬಂದರೆ ಕೊಯ್ಲು ನಿಲ್ಲುತ್ತದೆ. ಅದು ಪ್ರತ್ಯಕ್ಷ ಪ್ರಮಾಣ. ನೋಡಿದವರು ಬರೆದದ್ದು.

ಇದೇ ಕೆಲಸವನ್ನು ಗಾಳಿ ಆ್ಯಪಿನ ಪದ್ಧತಿಗೆ ಒಪ್ಪಿಸಿದರೆ ಹೇಗಿರುತ್ತದೆ? ವಾದಕ್ಕಾಗಿ 40 ಕಿಲೋಮೀಟರಿನ ಚೌಕದಲ್ಲಿ ಐವತ್ತು ಆನೆ ಇಟ್ಟುಕೊಳ್ಳೋಣ. ಚೌಕದ ವಿಸ್ತೀರ್ಣ 1600 ಚದರ ಕಿಲೋಮೀಟರ್. ಭಾಗಿಸಿದರೆ ಬಿಕ್ಕೋಡಿಗೆ ಬರುವುದು ಚದರ ಕಿಲೋಮೀಟರಿಗೆ 0.03 ಆನೆ. ಅದನ್ನು ಧೂಳಿನ ಸೂಚ್ಯಂಕದಂತೆ 24 ಗಂಟೆಯ ಸರಾಸರಿಗೆ ಇಳಿಸಬೇಕು. ಬೆಳಿಗ್ಗೆ ಆರಕ್ಕೆ ಅಂಗಳಕ್ಕೆ ಬಂದು ಹತ್ತು ನಿಮಿಷ ಬಾಳೆ ಮುರಿದು ಹೋದ ಸಲಗ ಸರಾಸರಿಯಲ್ಲಿ ಬಾಲವಾಗಿಯೂ ಉಳಿಯುವುದಿಲ್ಲ. ಫಲಿತಾಂಶ: ಆನೆ ಗುಣಮಟ್ಟ ಉತ್ತಮ, ಬಣ್ಣ ಕಡುಹಸಿರು, ಹೊರಾಂಗಣ ಚಟುವಟಿಕೆಗೆ ಪ್ರಶಸ್ತ ದಿನ. ಈ ಆ್ಯಪನ್ನು ಯಾವ ಬೆಳೆಗಾರ ಇಳಿಸಿಕೊಂಡಾನು? ಆನೆಯ ವಿಷಯದಲ್ಲಿ ಒಪ್ಪದ ಲೆಕ್ಕವನ್ನು ಉಸಿರಿನ ವಿಷಯದಲ್ಲಿ ಒಪ್ಪುವುದಕ್ಕೆ ಒಂದೇ ಕಾರಣ, ಧೂಳು ಘೀಳಿಡುವುದಿಲ್ಲ. (ಆನೆ ಓಡಿಸಲು ಹೊಡೆದ ಪಟಾಕಿಯ ಹೊಗೆಯೂ ಯಾವ ಆ್ಯಪಿನಲ್ಲೂ ದಾಖಲಾಗಿಲ್ಲ ಎಂಬುದನ್ನು ಪ್ರಾಸಂಗಿಕವಾಗಿ ಗಮನಿಸಬೇಕು.)

ಶಿಲ್ಪ ಪ್ರಕರಣ

ಬೇಲೂರಿನ ಇಷ್ಟು ಹತ್ತಿರ ಕುಳಿತು ಹೊಯ್ಸಳರನ್ನು ಎಳೆದುತರದೆ ಪ್ರಬಂಧ ಮುಗಿಸಿದರೆ ಪದವಿ ಸಿಗುವುದಿಲ್ಲ. ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ, ಪ್ರತಿಷ್ಠೆಗೊಂಡ ಚೆನ್ನಕೇಶವ ದೇವಾಲಯದ ದರ್ಪಣಸುಂದರಿ ಶಿಲ್ಪದ ಕೈಯಲ್ಲಿರುವುದು ಕನ್ನಡಿಯಲ್ಲ, ವಾಯುಮಾಪಕ ಪರದೆ ಎಂದು ಸಾಧಿಸಬಲ್ಲ ವಿದ್ವಾಂಸರು ನಾಳೆ ಹುಟ್ಟದೇ ಇರಲಾರರು. 2023ರಲ್ಲಿ ದೇವಾಲಯ ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಮೇಲಂತೂ ಇಂಥ ಸಂಶೋಧನೆಗೆ ಮಾರುಕಟ್ಟೆ ಚೆನ್ನಾಗಿದೆ. ಪ್ರಬಂಧಕಾರನು ಈ ವಾದವನ್ನು ಮುಂಗಡವಾಗಿಯೇ ಖಂಡಿಸುತ್ತಾನೆ. ಅದು ಕನ್ನಡಿಯೇ. ಎದುರಿಗಿದ್ದವರ ಮುಖವನ್ನು ತೋರಿಸುತ್ತದೆ, ಜಿಲ್ಲಾ ಕೇಂದ್ರದವರ ಮುಖವನ್ನು ತಂದು ತೋರಿಸುವುದಿಲ್ಲ.

ಬಿನ್ನಹ ಪ್ರಕರಣ

ಆ್ಯಪ್ ಮಾಡುವವರಲ್ಲಿ ವಿನಂತಿ: ಬಿಕ್ಕೋಡು ಎಂದು ಬರೆದು ಅಂಕಿ ತೋರಿಸುವಾಗ, ಅಳೆದ ಯಂತ್ರ ಯಾವ ಊರಿನಲ್ಲಿದೆ, ಎಷ್ಟು ದೂರದಲ್ಲಿದೆ, ಯಂತ್ರವೇ ಇಲ್ಲದಿದ್ದರೆ ಇದು ಅಂದಾಜು ಎಂಬುದನ್ನು ಅಂಕಿಯಷ್ಟೇ ದಪ್ಪ ಅಕ್ಷರದಲ್ಲಿ, ಕನ್ನಡದಲ್ಲಿ ಬರೆಯಿರಿ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯವರಲ್ಲಿ: ಹೋಬಳಿಗೊಂದು ಯಂತ್ರ ಕೇಳುವಷ್ಟು ದುರಾಸೆ ನಮಗಿಲ್ಲ, ತಾಲ್ಲೂಕಿಗೊಂದು ಕೊಡಿ. ಓದುಗರಲ್ಲಿ: ಬಚ್ಚಲೊಲೆಗೆ ಹೊಗೆಕೊಳವೆ ಇಲ್ಲದಿದ್ದರೆ ಈ ಮಳೆಗಾಲಕ್ಕೆ ಮೊದಲು ಒಂದು ಹಾಕಿಸಿ.