ಪಲ್ಲವರ ವಸ್ತಿ: ಮೆಣಸಗಿಯಿಂದ ಬಾದಾಮಿಗೆ ಹೋಗಿಬರುವ ಶಾಸ್ತ್ರವಿಚಾರ

ಐತಿಹಾಸಿಕ ನಗರಗಳ ಸಾರಿಗೆಯನ್ನು ಕುರಿತು ಬರೆದ ಪಂಡಿತರೆಲ್ಲ ಒಂದೇ ತಪ್ಪು ಮಾಡಿದ್ದಾರೆ. ಊರಿಗೆ ಹೋಗುವ ದಾರಿಯನ್ನು ತಿರುಗಿ ಹಿಡಿದರೆ ಅದೇ ಊರು ಬಿಡುವ ದಾರಿ ಎಂದು ನಂಬಿಬಿಟ್ಟಿದ್ದಾರೆ. ಬರುವುದು ಒಂದು ಶಾಸ್ತ್ರ, ಹೊರಡುವುದು ಇನ್ನೊಂದು. ಮೊದಲನೆಯದು ಆಗಮ, ಎರಡನೆಯದು ನಿರ್ಗಮ. ಎರಡರ ನಡುವೆ ಕಟ್ಟೆಯ ಮೇಲೆ ಕುಳಿತವರಿಗೆ ದಿಕ್ಕಾದದ್ದು ನಿಗಮ. ಈ ಮೂರನ್ನೂ ಬೇರ್ಪಡಿಸದೆ ಬಾದಾಮಿಯ ಚರಿತ್ರೆ ಬರೆದದ್ದರಿಂದಲೇ ಕ್ರಿ.ಶ. 642ರಲ್ಲಿ ವಾತಾಪಿಗೆ, ಅಂದರೆ ಇದೇ ಬಾದಾಮಿಗೆ, ನುಗ್ಗಿದ ಪಲ್ಲವರು ಸುಮಾರು 13 ವರ್ಷ ಅಲ್ಲಿಯೇ ಯಾಕೆ ಉಳಿದರು ಎಂಬ ಪ್ರಶ್ನೆಗೆ ರಾಜಕೀಯ, ಸೇಡು, ಸಾಮ್ರಾಜ್ಯದಾಹ ಮುಂತಾದ ದೂರದ ಕಾರಣಗಳನ್ನು ಹುಡುಕಬೇಕಾಯಿತು. ಕಾರಣ ಅಷ್ಟು ದೂರದಲ್ಲಿಲ್ಲ. ಅವರಿಗೆ ವಾಪಸ್ ಬಸ್ ಸಿಗಲಿಲ್ಲ. ಪಲ್ಲವರು ಬಾದಾಮಿಯನ್ನು ಆಳಲಿಲ್ಲ, ಅಲ್ಲಿ ವಸ್ತಿ ಮಾಡಿದರು. ಇದೇ ಈ ಪ್ರಬಂಧದ ಸಿದ್ಧಾಂತ. ಇದನ್ನು ಬಾದಾಮಿಯಲ್ಲಿ ಕುಳಿತು ಸಾಧಿಸಲು ಬರುವುದಿಲ್ಲ. ಬಾದಾಮಿಯವರಿಗೆ ಬಾದಾಮಿಗೆ ಬರುವ ಕಷ್ಟವೇ ಇಲ್ಲ. ಪಲ್ಲವರ ಕಾಂಚಿಯಿಂದ ನೋಡಿದರೆ ಊರು ಕಾಣಿಸದು. ಮಲಪ್ರಭಾ ಹೊಳೆಯ ಈಚೆ ದಂಡೆಯಲ್ಲಿ, ರೋಣ ತಾಲ್ಲೂಕಿನ ಅಂಚಿನಲ್ಲಿ, ಹೋಗಲೂಬೇಕು ರಾತ್ರಿಯೊಳಗೆ ಮನೆಗೆ ಬರಲೂಬೇಕು ಎನ್ನುವ ಅಂತರದಲ್ಲಿರುವ ಮೆಣಸಗಿಯೇ ಇದಕ್ಕೆ ತಕ್ಕ ವೀಕ್ಷಣಾಲಯ.

ಮೊದಲ ಪ್ರಮಾಣ ಊರಿನ ಹೆಸರಿನಲ್ಲೇ ಇದೆ. ಇಲ್ವಲ, ವಾತಾಪಿ ಎಂಬ ಅಣ್ಣತಮ್ಮಂದಿರ ಕಥೆ ಎಲ್ಲರಿಗೂ ಗೊತ್ತು. ತಮ್ಮ ಟಗರಾಗುತ್ತಾನೆ, ಅಣ್ಣ ಅವನನ್ನೇ ಅಡುಗೆ ಮಾಡಿ ಅತಿಥಿಗೆ ಬಡಿಸುತ್ತಾನೆ, ಊಟವಾದ ಮೇಲೆ ಹೊರಗೆ ಬಾ ಎಂದು ಕೂಗುತ್ತಾನೆ, ತಮ್ಮ ಹೊಟ್ಟೆ ಸೀಳಿಕೊಂಡು ಬರುತ್ತಾನೆ. ಅಗಸ್ತ್ಯರು ಬಂದ ದಿನ ಮಾತ್ರ ಕೂಗಿದ್ದೇ ಬಂತು. ಮುನಿಗಳು ಹೊಟ್ಟೆ ಸವರಿಕೊಂಡು ಅವನನ್ನು ಅರಗಿಸಿಬಿಟ್ಟಿದ್ದರು. ನೀತಿಬೋಧಕರು ಇದನ್ನು ದುಷ್ಟಶಿಕ್ಷೆಯ ಕಥೆಯೆಂದು ಮಕ್ಕಳಿಗೆ ಹೇಳುತ್ತ ಬಂದಿದ್ದಾರೆ. ಸಾರಿಗೆಯ ದೃಷ್ಟಿಯಿಂದ ನೋಡಿದರೆ ಇದು ಒಳಹೊಕ್ಕವನು ಕೂಗಿದ ವೇಳೆಗೆ ಹೊರಬರಲಾರದೆ ಹೋದ ಮೊತ್ತಮೊದಲ ದಾಖಲೆ. ಇಲ್ವಲನ ಕೂಗಿನಲ್ಲಿ ಕಂಡಕ್ಟರನ ಧ್ವನಿಯನ್ನು ಗುರುತಿಸದವರು ಯಾವ ಸ್ಟ್ಯಾಂಡಿನಲ್ಲೂ ನಿಂತವರಲ್ಲ. ಮುಂದೆ ಆರನೆಯ ಶತಮಾನದಲ್ಲಿ ಚಾಲುಕ್ಯರ ಒಂದನೆಯ ಪುಲಿಕೇಶಿ ಇಲ್ಲಿ ಕೋಟೆ ಕಟ್ಟಿದಾಗಲೂ (ಶಾಸನದ ಪ್ರಕಾರ ಶಕವರ್ಷ 465, ಅಂದರೆ ಕ್ರಿ.ಶ. 543) ಊರಿಗೆ ಈ ಹೆಸರೇ ನಡೆಯಿತು. ಹೊರಬರಲಾಗದೆ ಸತ್ತವನ ಹೆಸರನ್ನು ಹೊತ್ತ ರಾಜಧಾನಿಗೆ ಪಲ್ಲವರು ವಿಚಾರ ಮಾಡದೆ ಬಂದದ್ದು ಅವರದೇ ತಪ್ಪು.

ಎರಡನೆಯ ಪ್ರಮಾಣ ಅಕ್ಷರರೂಪದ್ದು, ಆದ್ದರಿಂದ ಗಟ್ಟಿಯಾದದ್ದು. ಕಾಯುವ ಮನುಷ್ಯ ಬರೆಯುತ್ತಾನೆ. ಕಟ್ಟೆಯ ಕಲ್ಲು, ಕಂಬದ ಬಣ್ಣ, ಮುಂದಿನ ಸೀಟಿನ ಬೆನ್ನು, ಯಾವುದನ್ನೂ ಅವನು ಬಿಡುವುದಿಲ್ಲ. ಹೊತ್ತಿಗೆ ಸರಿಯಾಗಿ ಬಸ್ ಸಿಕ್ಕವನು ತನ್ನ ಹೆಸರಿನ ಮೊದಲಕ್ಷರವನ್ನೂ ಎಲ್ಲೂ ಕೊರೆದಿಲ್ಲ. ಈಗ ಬಾದಾಮಿಯ ಬಂಡೆಗಳನ್ನು ನೋಡಿ. ಚಾಲುಕ್ಯರ ಮಂಗಲೇಶ 578ರಲ್ಲಿ ಮೂರನೆಯ ಗುಹೆಯಲ್ಲಿ ಬರೆಸಿದ, ವಿಷ್ಣುವಿಗೆ ಗುಹಾಲಯ ಮಾಡಿಸಿದ್ದನ್ನು ಹೇಳಲು. ಅವನು ಊರಿನವನು, ಅವನನ್ನು ಬಿಡೋಣ. ಸುಮಾರು 700ರ ಹೊತ್ತಿಗೆ ಕಪ್ಪೆ ಅರಭಟ್ಟನ ಗುಣಗಾನ ಬಂಡೆಯೇರಿತು, ಅದರಲ್ಲಿ ಕನ್ನಡದ ಅತಿ ಹಳೆಯ ತ್ರಿಪದಿಗಳಿವೆ. ಗದ್ಯಕ್ಕೆ ಸಾಕಾಗುವ ವಿರಾಮ ಬೇರೆ, ತ್ರಿಪದಿ ಹೊಸೆಯುವಷ್ಟು ವಿರಾಮ ಬೇರೆ. ಎಷ್ಟು ಬಸ್ಸು ತಪ್ಪಿದರೆ ಒಂದು ಛಂದಸ್ಸು ಕುದುರುತ್ತದೆ ಎಂಬ ಲೆಕ್ಕವನ್ನು ನಮ್ಮ ಛಂದಶ್ಶಾಸ್ತ್ರಜ್ಞರು ಹಾಕಬೇಕಾಗಿತ್ತು. ಇವರಿಬ್ಬರ ನಡುವೆ ನಿಲ್ಲುತ್ತದೆ ವಾತಾಪಿ ಗೆದ್ದ ಪಲ್ಲವ ನರಸಿಂಹವರ್ಮನ ಬಂಡೆಶಾಸನ. ಗೆದ್ದವನು ಲೂಟಿ ಹೊತ್ತು ಮನೆಗೆ ಹೋಗುತ್ತಾನೆ. ಮನೆಗೆ ಹೋಗಲಾರದವನು ಬಂಡೆಯ ಮೇಲೆ ಹೆಸರು ಬರೆಸುತ್ತಾನೆ. ಪಲ್ಲವರ ಕೂರಂ ತಾಮ್ರಶಾಸನ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪರಿಯಳ, ಮಣಿಮಂಗಲ, ಶೂರಮಾರಗಳ ಕಾಳಗಗಳಲ್ಲಿ ನರಸಿಂಹವರ್ಮ ಇಮ್ಮಡಿ ಪುಲಿಕೇಶಿಯ ಬೆನ್ನನ್ನೇ ಫಲಕ ಮಾಡಿಕೊಂಡು ವಿಜಯದ ಅಕ್ಷರ ಬರೆದನೆನ್ನುತ್ತದೆ. ವ್ಯಾಖ್ಯಾನಕಾರರು ಇದನ್ನು ಓಡಿಹೋಗುವ ಶತ್ರುವಿನ ಬೆನ್ನು ಎಂದು ಅರ್ಥೈಸಿದ್ದಾರೆ. ಎದುರಿನ ಬೆನ್ನಿನ ಮೇಲೆ ಬರೆಯುವ ರೂಢಿ ಮೂಲತಃ ಯಾರದು ಎಂಬುದನ್ನು ರೋಣದ ಕಡೆಯ ಯಾವುದೇ ಹಳೆಯ ಬಸ್ಸಿನ ಹಿಂದಿನ ಸಾಲಿನಲ್ಲಿ ಕುಳಿತು ನೋಡಿದರೆ ಈ ಅರ್ಥವನ್ನು ತಿದ್ದಬೇಕಾಗುತ್ತದೆ.

ಇಷ್ಟಾದ ಮೇಲೆ ವರ್ತಮಾನದ ಸಾಧನಗಳಿಗೆ ಬರಬಹುದು. ಮೆಣಸಗಿಯವನಿಗೆ ಬಾದಾಮಿ ಮುಟ್ಟಲು ದಾರಿಗಳಿಗೇನೂ ಬರವಿಲ್ಲ. ಕೆಂಪು ಬಸ್ಸಿದೆ, ಟಂಟಂ ಇದೆ, ಮೋಟರ್‌ಸೈಕಲ್ಲಿನ ಹಿಂದೆ ಮೂರನೆಯವನಾಗುವ ಅವಕಾಶವಿದೆ, ಹೊಳೆಆಲೂರಿಗೆ ಹೋಗಿ ರೈಲು ಹಿಡಿಯಬಹುದು. ಗದಗದಿಂದ ಹೋಟಗಿಗೆ ಹೋಗುವ ಈ ಹಳಿ ಸದರ್ನ್ ಮರಾಠಾ ರೈಲ್ವೆಯವರದು, 1880ರ ದಶಕದ್ದು. ಮೀಟರ್‌ಗೇಜಿನಲ್ಲಿ ನೂರಿಪ್ಪತ್ತು ವರ್ಷ ತೆವಳಿ ಈ ಶತಮಾನದಲ್ಲಿ ಬ್ರಾಡ್‌ಗೇಜಾಯಿತು. ಬಾದಾಮಿ ಸ್ಟೇಷನ್ನು ಬಾದಾಮಿಯಿಂದ ಸುಮಾರು 5 ಕಿಲೋಮೀಟರ್ ದೂರ. ಇದನ್ನು ಎಂಜಿನಿಯರುಗಳ ಅನುಕೂಲವೆಂದು ತಿಳಿಯುವವರಿದ್ದಾರೆ. ಬಂದವರು ಬಂದಹಾಗೂ ಇರಬೇಕು, ಬಾರದಹಾಗೂ ಇರಬೇಕು, ಹೊರಡುವಾಗ ಸಿಕ್ಕಿಬೀಳಬಾರದು ಎಂಬ ಈ ಮುನ್ನೆಚ್ಚರಿಕೆ ಪಲ್ಲವರ ಚರಿತ್ರೆ ಓದದೆ ಬರುವಂಥದ್ದಲ್ಲ. ಆದರೆ ಇವೆಲ್ಲ ಆಗಮದ ಸಾಧನಗಳು. ಹೊತ್ತು ಇಳಿದ ಮೇಲೆ ಉಳಿಯುವುದು ಬಸ್ಸೊಂದೇ, ಅದರ ಶಾಸ್ತ್ರ ಎರಡು ಸೂತ್ರಗಳಲ್ಲಿ ಅಡಗಿದೆ. ಒಂದು, ಕಿಟಕಿಯೊಳಗೆ ತೂರಿದ ಟವೆಲ್ಲು ಸೀಟಿನ ಮೇಲೆ ಬಿದ್ದ ಕ್ಷಣದಿಂದ ಸೀಟು ಟವೆಲ್ಲಿನ ಒಡೆಯನದು. ರಾಜರು ಇದನ್ನೇ ಜಯಸ್ತಂಭವೆಂದು ಕಲ್ಲಿನಲ್ಲಿ ಮಾಡುತ್ತಿದ್ದರು, ಖರ್ಚು ಹೆಚ್ಚು, ಫಲ ಅಷ್ಟೇ. ಎರಡು, “ಬಸ್ ಬರ್ತೈತೇನ್ರಿ?” ಎಂದರೆ “ಬರ್ತೈತ್ರಿ” ಎನ್ನುವ ಉತ್ತರ. ವರ್ತಮಾನ, ಭವಿಷ್ಯ ಎರಡಕ್ಕೂ ಒಂದೇ ರೂಪ ಸಾಕೆನ್ನುವ ಈ ಕ್ರಿಯಾಪದ ಕೇಳಿದಾಗಲೂ ನಿಜ, ಮಾರನೆಯ ದಿನವೂ ನಿಜ. ವ್ಯಾಕರಣಕಾರ ಕೇಶಿರಾಜ ಇದಕ್ಕೊಂದು ಸೂತ್ರ ಬರೆದಿದ್ದರೆ ವಿಚಾರಣೆ ಕಿಟಕಿಯೇ ಬೇಕಾಗುತ್ತಿರಲಿಲ್ಲ.

ಈ ಭೇದವನ್ನು ಕಲ್ಲಿನಲ್ಲಿ ಕಡೆದು ತೋರಿಸಿದವರು ಇಟಲಿಯವರು. ಬಾದಾಮಿಯ ಹಾಗೆಯೇ ಬಂಡೆಯ ಸಹವಾಸದ ಹಳೆಯ ಊರು ಓರ್ವಿಯೆಟೊ. ರೈಲು ನಿಲ್ದಾಣ ಕೆಳಗೆ, ಊರು ನೆತ್ತಿಯ ಮೇಲೆ. 1888ರಲ್ಲಿ ನೀರಿನ ಭಾರದಿಂದಲೇ ಏರಿ ಇಳಿಯುವ ಹಗ್ಗದ ಗಾಡಿ ಹಾಕಿದರು, ನಿಂತುಹೋದದ್ದನ್ನು 1990ರಲ್ಲಿ ವಿದ್ಯುತ್ತಿನಿಂದ ಮತ್ತೆ ಓಡಿಸಿದರು. ಅದಿರಲಿ, ಮುಖ್ಯವಾದದ್ದು ಅಲ್ಲಿನ ಬಾವಿ. 1527ರಲ್ಲಿ ರೋಮ್ ಲೂಟಿಯಾದಾಗ ಪೋಪ್ ಏಳನೆಯ ಕ್ಲೆಮೆಂಟ್ ಓರ್ವಿಯೆಟೊಗೆ ಓಡಿಬಂದ. ಮುತ್ತಿಗೆಯಾದರೆ ನೀರಿಗೆ ತತ್ವಾರವಾಗಬಾರದೆಂದು ಸಾಂಗಾಲೊ ಎಂಬ ಶಿಲ್ಪಿಯಿಂದ 50 ಮೀಟರಿಗೂ ಆಳದ ಬಾವಿ ತೋಡಿಸಿದ. ಅದರ ಗೋಡೆಯೊಳಗೆ ಒಂದನ್ನೊಂದು ಸುತ್ತಿಕೊಂಡ ಎರಡು ಸುರುಳಿ ದಾರಿಗಳಿವೆ. ಖಾಲಿ ಕೊಡ ಹೊತ್ತು ಇಳಿಯುವ ಹೇಸರಗತ್ತೆ ಒಂದರಲ್ಲಿ, ತುಂಬಿಕೊಂಡು ಹತ್ತುವ ಹೇಸರಗತ್ತೆ ಇನ್ನೊಂದರಲ್ಲಿ. ಎರಡೂ ಎಲ್ಲೂ ಎದುರಾಗುವುದಿಲ್ಲ. ಹದಿನಾರನೆಯ ಶತಮಾನದ ಹೇಸರಗತ್ತೆಗೆ ದಕ್ಕಿದ ಈ ಸೌಕರ್ಯವನ್ನು ಬಾದಾಮಿ ಸ್ಟ್ಯಾಂಡಿನಲ್ಲಿ ಒಂದೇ ಬಾಗಿಲಿನ ಎದುರು ಇಳಿಯುವ ಸೈನ್ಯ, ಹತ್ತುವ ಸೈನ್ಯ ಮುಖಾಮುಖಿಯಾಗಿ ನಿಂತ ಗಳಿಗೆಯೊಂದಿಗೆ ಹೋಲಿಸಬೇಕು. “ಇಳಿಯೋರಿಗೆ ಮೊದ್ಲ ದಾರಿ ಬಿಡ್ರೋ” ಎಂಬ ಕೂಗು ಈ ಶಾಸ್ತ್ರದ ಏಕೈಕ ಮಹಾವಾಕ್ಯ. ಬಾಗಿಲ ಬಳಿ ಅದನ್ನು ಪಾಲಿಸಿದವರು ಇನ್ನೂ ಸ್ಟ್ಯಾಂಡಿನಲ್ಲೇ ಇದ್ದಾರೆ.

ಪೂರ್ವಪಕ್ಷಿಗಳು ಸುಮ್ಮನೆ ಬಿಡುವುದಿಲ್ಲ. ಇಮ್ಮಡಿ ಪುಲಿಕೇಶಿಯ ರಾಜ್ಯಕ್ಕೆ 641ರ ಸುಮಾರಿಗೆ ಚೀನೀ ಯಾತ್ರಿಕ ಹ್ಯೂಯೆನ್ ತ್ಸಾಂಗ್ ಬಂದ, ಹೋದ, ಸಿಕ್ಕಿಬೀಳಲಿಲ್ಲವಲ್ಲ ಎನ್ನುತ್ತಾರೆ. ಅವನು ಕಂಡ ರಾಜಧಾನಿ ಬಾದಾಮಿಯೇ ಎಂದು ವಿದ್ವಾಂಸರೇ ಒಮ್ಮತದಿಂದ ಹೇಳಿಲ್ಲ. ಬಂದಿದ್ದರೂ ಕಾಲ್ನಡಿಗೆಯವನು ಶಾಸ್ತ್ರದ ಹೊರಗಿನವನು. ಇನ್ನು ವಾತಾಪಿ ಗಣಪತಿ. ಪಲ್ಲವರ ದಂಡನಾಯಕ ಪರಂಜ್ಯೋತಿ ಅವನನ್ನು ತನ್ನೂರು ತಿರುಚ್ಚೆಂಗಾಟ್ಟಾಂಗುಡಿಗೆ ಒಯ್ದನೆಂಬ ಐತಿಹ್ಯವಿದೆ. ಮುತ್ತುಸ್ವಾಮಿ ದೀಕ್ಷಿತರ ಹಂಸಧ್ವನಿಯ ಕೃತಿಯಿಂದಾಗಿ ಗಣಪತಿ ವಾತಾಪಿ ಬಿಟ್ಟದ್ದು ಸಭೆ ಸಭೆಗೂ ಗೊತ್ತು. ಈ ಆಕ್ಷೇಪ ಮೇಲ್ನೋಟಕ್ಕೆ ಗಂಭೀರ. ಆದರೆ ಗಣಪತಿ ಹೋದದ್ದು ಲಗೇಜಾಗಿ. ಲಗೇಜಿಗೆ ಸೀಟು ಬೇಡ, ಟಾಪಿನ ಮೇಲೆ ಜಾಗ ಸಾಕು. ಲಗೇಜು ಹೋಗಿ ಒಡೆಯರು ಉಳಿಯುವುದು ನಮ್ಮ ಸ್ಟ್ಯಾಂಡುಗಳಲ್ಲಿ ಹೊಸದೂ ಅಲ್ಲ. ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆಗೆ ಚಕ್ಕಡಿ ಕಟ್ಟಿಕೊಂಡು ಬರುವವರು ಯಾವ ತೊಂದರೆಯೂ ಇಲ್ಲದೆ ಮರಳುತ್ತಾರಲ್ಲ ಎಂಬುದು ಮೂರನೆಯ ಆಕ್ಷೇಪ. ಬನಶಂಕರಿಯಲ್ಲಿ ಕಂಪನಿ ನಾಟಕಗಳ ತಂಬು ಬೀಳುತ್ತವೆ. ಹೊರಡಬೇಕು ಎಂದುಕೊಂಡವನು ಇನ್ನೊಂದು ನಾಟಕ ನೋಡಿ ಹೊರಡುತ್ತೇನೆ ಎನ್ನುವ ಸ್ಥಳವನ್ನು ನಿರ್ಗಮಕ್ಕೆ ಉದಾಹರಣೆಯಾಗಿ ತಂದವರ ತರ್ಕಕ್ಕೆ ಏನು ಹೇಳುವುದು? ಹೊಳೆ ಮಾತ್ರ ನಗುವ ವಿಷಯವಲ್ಲ. ಬೆಣ್ಣೆಹಳ್ಳ ಮಲಪ್ರಭೆಯನ್ನು ಕೂಡುವುದು ಈ ಮಗ್ಗುಲಲ್ಲೇ. ಹುಬ್ಬಳ್ಳಿ ಕಡೆ ಮಳೆಯಾದರೆ, ನವಿಲುತೀರ್ಥ ಅಣೆಕಟ್ಟಿನ ಗೇಟು ತೆರೆದರೆ, ನೀರು ಯಾರನ್ನೂ ಕೇಳದೆ ಮೆಣಸಗಿಗೆ ಬರುತ್ತದೆ. 2009ರಲ್ಲಿ ಬಂತು, 2019ರಲ್ಲಿ ಬಂತು. ಬಂದದ್ದು ರಾತ್ರಿ ಬೆಳಗಾಗುವುದರೊಳಗೆ. ಅದು ಹೊಲದಲ್ಲಿ ಬಿಟ್ಟ ಮಣ್ಣು, ಗೋಡೆಯಲ್ಲಿ ಬಿಟ್ಟ ಗೆರೆ ಅಷ್ಟು ಬೇಗ ಹೋಗಲಿಲ್ಲ. ಆಗಮ ಸುಲಭ, ನಿರ್ಗಮ ಕಠಿಣ ಎಂಬ ಸೂತ್ರಕ್ಕೆ ಇದಕ್ಕಿಂತ ಬಲವಾದ ಸಾಕ್ಷ್ಯವನ್ನು ಪ್ರಬಂಧಕಾರ ಬಯಸುವುದೂ ಇಲ್ಲ.

ಉಳಿದದ್ದು ಕೊನೆಯ, ಅತ್ಯಂತ ಬಲವಾದ ಆಕ್ಷೇಪ: ಪಲ್ಲವರು ಕಡೆಗೂ ಹೋದರಲ್ಲ, ಒಂದನೆಯ ವಿಕ್ರಮಾದಿತ್ಯ 655ರ ಹೊತ್ತಿಗೆ ಬಾದಾಮಿಯನ್ನು ಮರಳಿ ಪಡೆದನಲ್ಲ? ಹೌದು. ಅದು ಹೇಗಾಯಿತೆಂಬುದನ್ನು ನಮ್ಮ ಶಾಲೆಯ ಪಠ್ಯಗಳು ತಿಳಿದೋ ತಿಳಿಯದೆಯೋ ಒಂದೇ ಕ್ರಿಯಾಪದದಲ್ಲಿ ಹೇಳಿಬಿಟ್ಟಿವೆ: ಪಲ್ಲವರನ್ನು ಓಡಿಸಿದನು. ಬಸ್ಸು ಓಡಿಸಿದ, ಲಾರಿ ಓಡಿಸಿದ ಎನ್ನುವ ಕನ್ನಡಿಗನಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಹದಿಮೂರು ವರ್ಷದ ಮೇಲೆ ಡ್ರೈವರ್ ಬಂದ. ಯಾಕೆ ಅಷ್ಟು ತಡವಾಯಿತು, ಗಾಡಿ ಎಲ್ಲಿ ಕೆಟ್ಟು ನಿಂತಿತ್ತು ಎಂಬುದಕ್ಕೆ ಉತ್ತರ ನರಸಿಂಹವರ್ಮನ ಬಂಡೆಯಲ್ಲೇ ಇರಬೇಕಾಗಿತ್ತು. ಆದರೆ ಆ ಶಾಸನದ ಅಕ್ಷರಗಳು ಬಹಳಷ್ಟು ಸವೆದುಹೋಗಿವೆ. ಲಿಪಿತಜ್ಞರು ಅದಕ್ಕೆ ಮಳೆ, ಗಾಳಿ, ಕಾಲವನ್ನು ಹೊಣೆ ಮಾಡುತ್ತಾರೆ. ಬಸ್‌ಸ್ಟ್ಯಾಂಡಿನ ಗೋಡೆಯ ಮೇಲಿನ ವೇಳಾಪಟ್ಟಿಯಲ್ಲಿ ಊರುಗಳ ಹೆಸರೆಲ್ಲ ಸ್ಪಷ್ಟವಾಗಿದ್ದು ಯಾವ ಕಾಲಂ ಮಾತ್ರ ಮೊದಲು ಅಳಿಸುತ್ತದೆ ಎಂಬುದನ್ನು ಅವರು ಒಮ್ಮೆ ನೋಡಿ ಬರಬಹುದು.