ಅಕ್ಕನ ಮಗ ‘ಡಿ’ ಆದದ್ದು

ಮನುಷ್ಯರನ್ನು ವಿಂಗಡಿಸುವ ಕೆಲಸ ನಮ್ಮ ಕಡೆ ಹೊಸದೇನಲ್ಲ. ಹೆಣ್ಣು ನೋಡುವ ಶಾಸ್ತ್ರಕ್ಕೆ ಮುಂಚೆಯೇ ಜಾತಕ ಹೋಗಿಬಂದಿರುತ್ತದೆ. 27 ನಕ್ಷತ್ರಗಳನ್ನು ಒಂಬತ್ತೊಂಬತ್ತರಂತೆ ಮೂರು ಪಾಲು ಮಾಡಿ ದೇವಗಣ, ಮನುಷ್ಯಗಣ, ರಾಕ್ಷಸಗಣ ಅಂತ ಹಿರಿಯರು ಹಂಚಿಬಿಟ್ಟಿದ್ದಾರೆ. 36 ಗುಣಗಳ ಲೆಕ್ಕದಲ್ಲಿ ಗಣಕ್ಕೆ ಸಿಗುವುದು 6. ಮೂಲಾ ನಕ್ಷತ್ರದ ನಮ್ಮ ಚಿಕ್ಕಮ್ಮ ರಾಕ್ಷಸಗಣ. ಮುದ್ದೇನಹಳ್ಳಿಯಲ್ಲಿ ಅಷ್ಟು ಮೆತ್ತಗೆ ಮಾತಾಡುವ ಹೆಂಗಸು ಇನ್ನೊಬ್ಬರಿಲ್ಲ. ಚಿಕ್ಕಪ್ಪ ದೇವಗಣ. ಅವರ ಬಾಯಿಗೆ ಹೆದರಿ ಹಾಲಿನ ಡೇರಿಯವರು ಫ್ಯಾಟನ್ನು ಎರಡೆರಡು ಸಲ ನೋಡುತ್ತಾರೆ.

ಇಂಥ ಮನೆಗೆ ಬೆಂಗಳೂರಿನ ಕಂಪನಿಯಿಂದ ಇನ್ನೊಂದು ಜಾತಕ ಬಂತು. ತಂದವನು ಅಕ್ಕನ ಮಗ. ಕಂಪನಿಯವರು ಅವರನ್ನೆಲ್ಲ ನಂದಿಬೆಟ್ಟದ ತಪ್ಪಲಿನ ಯಾವುದೋ ರೆಸಾರ್ಟಿಗೆ ಕರೆತಂದು, ಬೆಳಗ್ಗೆ ಹಗ್ಗ ಎಳೆಸಿ, ಮಧ್ಯಾಹ್ನ ಊಟ ಹಾಕಿ, ಆಮೇಲೆ ಒಂದು ಪ್ರಶ್ನೆಪತ್ರಿಕೆ ತುಂಬಿಸಿದ್ದರು. ಸಂಜೆ ಮನೆಗೆ ಬಂದವನು ಶೂ ಬಿಚ್ಚುವ ಮೊದಲೇ ಘೋಷಿಸಿದ.

“ಮಾವ, ನಾನು ಡಿ.”

“ಹಂಗಂದ್ರೇನೋ?”

ಅಡುಗೆಮನೆಯಿಂದಲೇ ಅಕ್ಕ ಉತ್ತರ ಕೊಟ್ಟಳು: “ನಾನು ಬಡ್ಕೊಂಡೆ. ಬಿಸಿಲಿಗೇ ಹೋಗಲ್ಲ ಅಂತಾನೆ, ಡಿ ಕಮ್ಮಿ ಆಗದೆ ಇನ್ನೇನಾಗತ್ತೆ? ಮಾತ್ರೆ ಬರ್ಕೊಟ್ರಾ?”

ವಿಟಮಿನ್ ಅಲ್ಲ, ಸ್ವಭಾವ ಅಂತ ಅವಳಿಗೆ ಒಪ್ಪಿಸುವಷ್ಟರಲ್ಲಿ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಬಂದರು. ಪರೀಕ್ಷೆ ಅನ್ನುವ ಮಾತು ಅವರ ಕಿವಿಗೆ ಬಿದ್ದಿತ್ತು. “ನೂರಕ್ಕೆ ಎಷ್ಟಪ್ಪಾ?” ಇದರಲ್ಲಿ ಪಾಸು ಫೇಲು ಇಲ್ಲ ಸಾರ್ ಅಂದ. ಮೇಷ್ಟ್ರು ನನ್ನ ಮುಖ ನೋಡಿದರು. ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ, ಈಗ ವಿಟಿಯು ಸ್ನಾತಕೋತ್ತರ ಕೇಂದ್ರವೂ ಇರುವ ಊರಿನಲ್ಲಿ ಫೇಲೇ ಆಗದ ಪರೀಕ್ಷೆಯ ಮೇಲೆ ಯಾರಿಗೆ ಗೌರವ ಬರುತ್ತದೆ? “ಹಾಗಾದ್ರೆ ಬುದ್ಧಿ ಅಳೆಯೋದಿರಬೇಕು, ಬಿನೆ-ಕಾಮತ್ ಥರ” ಅಂದರು. ಬಿ.ಎಡ್.ನಲ್ಲಿ ಓದಿದ್ದು ಅವರಿಗೆ ನೆನಪಿತ್ತು. ವಿ.ವಿ. ಕಾಮತ್ ಅವರು 1930ರ ದಶಕದಲ್ಲಿ ಫ್ರಾನ್ಸಿನ ಬಿನೆ ಪರೀಕ್ಷೆಯನ್ನು ಕನ್ನಡ, ಮರಾಠಿ ಮಕ್ಕಳಿಗೆ ಒಗ್ಗಿಸಿದ್ದರು. ಅದು ಬುದ್ಧಿಯ ಅಳತೆ. ಅಕ್ಕನ ಮಗ ತುಂಬಿದ್ದು ‘ಡಿಸ್ಕ್’, ಅಂದರೆ ಡಿ, ಐ, ಎಸ್, ಸಿ ಎಂಬ ನಾಲ್ಕು ಅಕ್ಷರಗಳ ಪತ್ರಿಕೆ. ಇದು ಬುದ್ಧಿಯನ್ನೂ ಅಳೆಯುವುದಿಲ್ಲ, ಕೆಲಸದ ಕೈಚಳಕವನ್ನೂ ಅಳೆಯುವುದಿಲ್ಲ. ನಾಲ್ಕು ಜನರ ನಡುವೆ ನಾನು ಹೇಗೆ ನಡೆದುಕೊಳ್ಳುತ್ತೇನೆ ಅಂತ ನಾನೇ ಹೇಳಿದ್ದನ್ನು ನನಗೇ ಓದಿ ಹೇಳುತ್ತದೆ, ಅಷ್ಟೇ.

ಈ ಡಿಸ್ಕ್‌ನ ಹಿಂದಿನ ಕಥೆ ಮಾತ್ರ ನನಗೆ ಬಹಳ ಇಷ್ಟ. ಇದರ ಮೂಲಪುರುಷ ವಿಲಿಯಂ ಮಾರ್ಸ್ಟನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ. ಸುಳ್ಳು ಹೇಳುವಾಗ ರಕ್ತದೊತ್ತಡ ಏರುತ್ತದೆ ಎಂದು ಹೊರಟವನು. 1941ರಲ್ಲಿ ‘ವಂಡರ್ ವುಮನ್’ ಎಂಬ ಕಾಮಿಕ್ ನಾಯಕಿಯನ್ನು ಸೃಷ್ಟಿಸಿದವನೂ ಅವನೇ. ಅವಳ ಹಗ್ಗಕ್ಕೆ ಸಿಕ್ಕವರು ಸುಳ್ಳು ಹೇಳುವ ಹಾಗಿಲ್ಲ. 1928ರ ಪುಸ್ತಕದಲ್ಲಿ ಅವನು ಹೇಳಿದ್ದ ನಾಲ್ಕು ಭಾವಗಳು ಮೇಲುಗೈ, ಒಲಿಸಿಕೊಳ್ಳುವುದು, ಶರಣಾಗತಿ ಮತ್ತು ವಿಧೇಯತೆ. ತಮಾಷೆಯೆಂದರೆ ಅವನು ಪ್ರಶ್ನೆಪತ್ರಿಕೆಯನ್ನೇ ಮಾಡಲಿಲ್ಲ. ಆ ವಿಚಾರವನ್ನು ಹಿಡಿದು ಕೆಲಸಗಾರರ ಮೇಲೆ ಪ್ರಯೋಗಿಸುವ ಪತ್ರಿಕೆ ಮಾಡಿದವನು ಆಮೇಲೆ ಬಂದ ವಾಲ್ಟರ್ ಕ್ಲಾರ್ಕ್. ಬರಬರುತ್ತಾ ಶರಣಾಗತಿ ಹೋಗಿ ‘ಸ್ಥಿರತೆ’ ಬಂತು, ವಿಧೇಯತೆಯ ಜಾಗಕ್ಕೆ ‘ಅಚ್ಚುಕಟ್ಟು’ ಬಂತು. ಬರದೆ ಇರುತ್ತದೆಯೇ? ದುಡ್ಡು ಕೊಟ್ಟು “ನೀನು ಶರಣಾಗುವ ಜಾತಿ” ಅನ್ನಿಸಿಕೊಳ್ಳಲು ಯಾವ ಮ್ಯಾನೇಜರ್ ಒಪ್ಪುತ್ತಾನೆ?

ಡಿ ಅಂದರೆ ಮುನ್ನುಗ್ಗುವವನು, ಐ ಮಾತುಗಾರ, ಎಸ್ ನಿಧಾನಸ್ಥ, ಸಿ ಲೆಕ್ಕಾಚಾರದವನು ಅಂತ ಅಕ್ಕನ ಮಗ ಊರಿಗೆಲ್ಲ ಪಾಠ ಮಾಡಿದ. ತಪ್ಪೇನಿಲ್ಲ. ಆದರೆ ಅವನ ರಿಪೋರ್ಟಿನಲ್ಲಿ ನಾಲ್ಕಕ್ಕೂ ಗೆರೆ ಎಳೆದಿದ್ದರು. ಡಿ ಎತ್ತರದಲ್ಲಿತ್ತು, ಸಿ ಅದರ ಪಕ್ಕದಲ್ಲೇ ಇತ್ತು, ಉಳಿದೆರಡು ಕೆಳಗಿದ್ದರೂ ಸತ್ತಿರಲಿಲ್ಲ. ಇವನು ಮೂರನ್ನು ನುಂಗಿ ಒಂದನ್ನು ಕೊರಳಿಗೆ ಕಟ್ಟಿಕೊಂಡಿದ್ದ. ಜೊತೆಗೆ, ತಮ್ಮ ಟೀಮಿನ ಇನ್ನೊಬ್ಬನ ಡಿಗಿಂತ ತನ್ನ ಡಿ ದೊಡ್ಡದು ಅಂತ ಬೀಗುತ್ತಿದ್ದ. ಇಲ್ಲೇ ದೊಡ್ಡ ಮೋಸ ಇರುವುದು. ಅವನಿಗೆ ಕೊಟ್ಟದ್ದು ಹಳೆಯ ಬಗೆಯ ಪತ್ರಿಕೆ. ನಾಲ್ಕು ಗುಣಗಳ ಒಂದು ಗುಂಪು ಕೊಟ್ಟು, ನಿನಗೆ ಹೆಚ್ಚು ಒಪ್ಪುವುದಕ್ಕೊಂದು ಗುರುತು, ಒಪ್ಪದೇ ಇರುವುದಕ್ಕೊಂದು ಗುರುತು ಹಾಕು ಅನ್ನುತ್ತಾರೆ. ಒಂದನ್ನು ಎತ್ತಿದರೆ ಇನ್ನೊಂದು ತಾನಾಗಿ ಕೆಳಗಿಳಿಯುತ್ತದೆ. ನಮ್ಮ ಲಾಟಿನಲ್ಲೇ ಒಳ್ಳೆಯ ರೇಷ್ಮೆಗೂಡು ಯಾವುದು, ಕೆಟ್ಟದ್ದು ಯಾವುದು ಅಂತ ನಾವೇ ಆರಿಸಿದ ಹಾಗೆ. ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಪಕ್ಕದವನ ಲಾಟಿಗಿಂತ ನಮ್ಮದಕ್ಕೆ ಹೆಚ್ಚು ರೇಟು ಬರುತ್ತದೋ ಇಲ್ಲವೋ ಅದರಿಂದ ತಿಳಿಯುವುದಿಲ್ಲ. ಅದನ್ನು ಹೇಳುವವನು ಗೂಡು ಕೊಳ್ಳುವ ರೀಲರ್.

ಇಷ್ಟಾದರೆ ಸುಮ್ಮನಿರಬಹುದಿತ್ತು. ಮಾರನೆಯ ಬೆಳಗ್ಗೆ ಅಕ್ಕ ಎಬ್ಬಿಸಿ, ಡೇರಿಗೆ ಹಾಲು ಹಾಕಿ ಬಾ ಅಂದದ್ದಕ್ಕೆ, “ಕ್ಯೂನಲ್ಲಿ ನಿಲ್ಲೋದು ನನ್ನ ಸ್ಟೈಲ್ ಅಲ್ಲಮ್ಮ, ನಾನು ಡಿ” ಅಂದು ಮಗ್ಗುಲಾದ. ಅದೊಂದು ಅಕ್ಷರ ಅವನಿಗೆ ವೈದ್ಯಕೀಯ ಸರ್ಟಿಫಿಕೇಟಾಗಿತ್ತು. ಅಕ್ಕನಿಗೆ ಎದುರಾಡಿದರೂ ಡಿ, ಸಾರಿಗೆ ಉಪ್ಪಿಲ್ಲ ಅಂತ ತಟ್ಟೆ ಸರಿಸಿದರೂ ಡಿ. ಎಂಥ ಒರಟುತನವನ್ನೂ ಕಂಪನಿಯ ಲೆಟರ್‌ಹೆಡ್ಡಿನ ಮೇಲೆ ಮಾಡಬಹುದು ಅನ್ನುವುದು ಅವನ ತಿಳಿವಳಿಕೆ.

ಇದೇ ಹುಡುಗ, ನಾಲ್ಕನೇ ಜ್ವರದಿಂದ ರೇಷ್ಮೆಹುಳ ಎದ್ದಾಗ, ರಾತ್ರಿಯಿಡೀ ಹುಳುಮನೆಯಲ್ಲಿ ಸೊಪ್ಪು ಹಾಕುತ್ತಾ ಕೂತದ್ದನ್ನು ನಾನು ಕಂಡಿದ್ದೇನೆ. ಗಡಿಬಿಡಿ ಇಲ್ಲ, ಮಾತಿಲ್ಲ, ಕಡ್ಡಿ ತುಂಡಾಗದ ಹಾಗೆ ನಡೆಯುತ್ತಿದ್ದ. ಅಲ್ಲಿ ಅವನನ್ನು ನೋಡಿದ ಯಾರೇ ಆದರೂ ಅಪ್ಪಟ ಎಸ್ ಅಂತ ಬರೆದುಕೊಡುತ್ತಿದ್ದರು. ರೆಸಾರ್ಟಿನಲ್ಲಿ ಕೂತು ಗುರುತು ಹಾಕುವಾಗ ಅವನ ತಲೆಯಲ್ಲಿದ್ದದ್ದು ಆಫೀಸು, ಪಕ್ಕದಲ್ಲಿದ್ದದ್ದು ಬಾಸು. ಪ್ರಶ್ನೆ ತುಂಬುವಾಗ ಹುಳುಮನೆ ನೆನಪಾಗಿದ್ದರೆ ಗೆರೆಯೇ ಬೇರೆ ಕಡೆ ತಿರುಗುತ್ತಿತ್ತು.

ಹಾಗಂತ ಇದೆಲ್ಲ ಬುರುಡೆ ಅನ್ನುವ ಚಿಕ್ಕಪ್ಪನ ಪಕ್ಷಕ್ಕೂ ನಾನು ಸೇರುವವನಲ್ಲ. ಚಿಕ್ಕಪ್ಪನ ಅನುಮಾನಕ್ಕೆ ಆಧಾರ ಇಲ್ಲದಿಲ್ಲ. 1948ರಲ್ಲಿ ಬರ್ಟ್ರಂ ಫೋರರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ 39 ವಿದ್ಯಾರ್ಥಿಗಳಿಗೆ ಸ್ವಭಾವದ ಪರೀಕ್ಷೆ ಮಾಡಿ, ಒಬ್ಬೊಬ್ಬರಿಗೂ ‘ಅವರದೇ’ ಫಲಿತಾಂಶ ಹಂಚಿ, ಎಷ್ಟು ಸರಿಯಾಗಿದೆ ಅಂತ 5ಕ್ಕೆ ಅಂಕ ಹಾಕಲು ಹೇಳಿದ. ಸರಾಸರಿ ಬಂದದ್ದು 4.26. ಎಲ್ಲರಿಗೂ ಹಂಚಿದ್ದು ಒಂದೇ ಬರಹ, ಅದೂ ಬಹುಪಾಲು ಅಂಗಡಿಯಲ್ಲಿ ಸಿಗುವ ಜ್ಯೋತಿಷ್ಯದ ಪುಸ್ತಕದಿಂದ ಎತ್ತಿದ್ದು! ನಾನೂ ಅಕ್ಕನ ಮಗನ ರಿಪೋರ್ಟಿನ ಒಂದು ಪುಟವನ್ನು, ಹೆಸರು ಬಿಟ್ಟು, ಮೇಷ್ಟ್ರಿಗೆ ಕನ್ನಡದಲ್ಲಿ ಓದಿ ಹೇಳಿದೆ. ನೀವು ಸವಾಲನ್ನು ಇಷ್ಟಪಡುತ್ತೀರಿ, ಆದರೆ ಕೆಲವೊಮ್ಮೆ ತಾಳ್ಮೆ ಕಳೆದುಕೊಳ್ಳುತ್ತೀರಿ, ಇತ್ಯಾದಿ. “ನನ್ನನ್ನ ಇಷ್ಟು ಸರಿಯಾಗಿ ಕಂಡೋರು ಯಾರಪ್ಪಾ? ಬಿಇಓ ಆಫೀಸಿನಲ್ಲಂತೂ ಯಾರೂ ಇರ್ಲಿಲ್ಲ” ಅಂದರು. ಆದರೂ ಜಾತಕಕ್ಕೂ ಇದಕ್ಕೂ ವ್ಯತ್ಯಾಸವಿದೆ. ಜಾತಕಕ್ಕೆ ಸಾಮಗ್ರಿ ಒದಗಿಸುವುದು ಹುಟ್ಟಿದ ಗಳಿಗೆ, ಇದಕ್ಕೆ ನಾವೇ ಕೊಟ್ಟ ಉತ್ತರ. ಒಟ್ಟಿಗೆ ಕೆಲಸ ಮಾಡುವ ಇಬ್ಬರು ಇದನ್ನು ನೆಪ ಮಾಡಿಕೊಂಡು, “ನೀನು ಮೇಲ್ ಬರೆಯೋ ರೀತಿ ನನಗೆ ಬೈದ ಹಾಗೆ ಕೇಳಿಸತ್ತೆ ಕಣಪ್ಪ” ಅಂತ ಬಾಯಿಬಿಟ್ಟು ಹೇಳಿಕೊಂಡರೆ ಹಾಕಿದ ದುಡ್ಡು ಹುಟ್ಟಿತು.

ನನಗೆ ಸಹಿಸಲಾಗದ್ದು ಬೇರೊಂದು. ವಿಶ್ವೇಶ್ವರಯ್ಯನವರ ಹುಟ್ಟುಹಬ್ಬ, ಸೆಪ್ಟೆಂಬರ್ 15 ಬಂತೆಂದರೆ ನಮ್ಮೂರಿಗೆ ಕಾಲೇಜು ಮಕ್ಕಳು, ಎಂಜಿನಿಯರುಗಳು, ಭಾಷಣಕಾರರು ಬರುತ್ತಾರೆ. ಅಂಥ ಭಾಷಣಕಾರರೊಬ್ಬರು ವಿಶ್ವೇಶ್ವರಯ್ಯನವರು ‘ಅಪ್ಪಟ ಸಿ’ ಎಂದು ತೀರ್ಮಾನಿಸಿಬಿಟ್ಟರು. ಖಡಕ್‌ವಾಸ್ಲಾದಲ್ಲಿ 1903ರಲ್ಲಿ ತಾವಾಗಿ ತೆರೆದುಕೊಳ್ಳುವ ತೂಬಿನ ಬಾಗಿಲು ಕೂರಿಸಿದವರು ಲೆಕ್ಕಾಚಾರದ ಮನುಷ್ಯರಲ್ಲದೆ ಇನ್ನೇನು ಅನ್ನುವುದು ಅವರ ವಾದ. ಪಕ್ಕದಲ್ಲಿ ಕೂತಿದ್ದ ಅಕ್ಕನ ಮಗ ಕೊಸರಿದ. 1918ರಲ್ಲಿ ಮಹಾರಾಜರ ಜೊತೆ ಅಭಿಪ್ರಾಯ ಕೂಡದಾದಾಗ ದಿವಾನಗಿರಿಯನ್ನೇ ಬಿಟ್ಟು ನಡೆದವರು ಡಿ ಆಗಿರಲೇಬೇಕು, ಡಿ ಅಲ್ಲದವರು ಮುಂದಾಳಾಗುವುದುಂಟೇ ಅಂದ. ನಾನು ಕೇಳಿದೆ: 1915ರಲ್ಲಿ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಹುಟ್ಟುವಾಗ ಅಷ್ಟು ಜನರನ್ನು ಒಪ್ಪಿಸಿ ಜೊತೆಗೆ ಕರೆದೊಯ್ದದ್ದು ಯಾವ ಅಕ್ಷರ? ನೂರು ದಾಟುವವರೆಗೂ ದಿನಚರಿ ತಪ್ಪದೆ ನಡೆದದ್ದು ಯಾವುದು? ದಿವಾನರಾಗುವ ಮೊದಲು ನೆಂಟರನ್ನೆಲ್ಲ ಕರೆದು, ನನ್ನಿಂದ ಶಿಫಾರಸು ಕೇಳಬೇಡಿ ಅಂದರಂತೆ. ಆ ನೆಂಟರ ಕೈಗೆ ಪತ್ರಿಕೆ ಕೊಟ್ಟಿದ್ದರೆ ನಾಲ್ಕೂ ಕಡೆ ಸೊನ್ನೆ ಹಾಕುತ್ತಿದ್ದರು! ಎಲ್ಲಕ್ಕಿಂತ ಮುಖ್ಯವಾದದ್ದು, ಅವರು ಆ ಪತ್ರಿಕೆಯನ್ನು ತುಂಬಲೇ ಇಲ್ಲ. ತುಂಬಿದವನ ಮಾತು ಬಿಟ್ಟು ಇದಕ್ಕೆ ಬೇರೆ ಆಧಾರವೇ ಇಲ್ಲದಿರುವಾಗ, 1962ರಲ್ಲಿ ತೀರಿಕೊಂಡವರ ಪರವಾಗಿ ಗುರುತು ಹಾಕಲು ಇವರು ಯಾರು?

ಈಗ ಅಕ್ಕ ಮಗನಿಗೆ ಹೆಣ್ಣು ಹುಡುಕುತ್ತಿದ್ದಾಳೆ. ಮೊನ್ನೆ ಚಿಂತಾಮಣಿ ಕಡೆಯ ಸಂಬಂಧ ತಂದವರಿಗೆ, “ಹುಡುಗಿ ಎಸ್ ಆಗಿದ್ರೆ ಮಾತ್ರ ಹೇಳಿ, ನಮ್ಮೋನು ಡಿ” ಅಂದಳು. ಅವರು ಪಾಪ, ಬ್ಲಡ್ ಗ್ರೂಪು ಅಂದುಕೊಂಡು, “ಓ ಪಾಸಿಟಿವ್ ತಾಯಿ” ಅಂದರು. ಮದುವೆ ಹಾಗಿರಲಿ, ಕೆಲಸಕ್ಕೆ ಆಳು ಆರಿಸಲಿಕ್ಕೂ ಇದನ್ನು ಬಳಸಬೇಡಿ ಅಂತ ಡಿಸ್ಕ್ ಮಾರುವ ದೊಡ್ಡ ಪ್ರಕಾಶಕರೇ ಹೇಳುತ್ತಾರೆ. ಅಕ್ಷರ ನೋಡಿ ಇಂಟರ್‌ವ್ಯೂನಲ್ಲಿ ಹುಡುಗರನ್ನು ಹಿಂದಕ್ಕೆ ಕಳಿಸುವ ಎಚ್ಆರ್ ಮಹಾಶಯರು ಆ ಸಾಲನ್ನು ಓದಿದ ಹಾಗೆ ಕಾಣೆ.

ನಿಮ್ಮ ಮನೆಗೂ ಇಂಥದ್ದೊಂದು ರಿಪೋರ್ಟು ಬಂದರೆ ಹೆದರಬೇಡಿ, ಹಿಗ್ಗಲೂ ಬೇಡಿ. ಕೂತು ಓದಿ. ನಾಲ್ಕು ಗೆರೆಯನ್ನೂ ನೋಡಿ. ಹಾಲು ಹಾಕಲಿಕ್ಕೆ ಮಾತ್ರ ಅವನನ್ನೇ ಕಳಿಸಿ.