ಅಪರಾಹ್ಣ ಚಹಾ ಮೀಮಾಂಸೆ

ಮಧ್ಯಾಹ್ನದ ಊಟವು ಜೀರ್ಣವಾಗಿ, ರಾತ್ರಿಯ ಅಡುಗೆಯು ಇನ್ನೂ ಒಲೆಯ ಮೇಲೇರದಿರುವ ಸಂಧಿಕಾಲದಲ್ಲಿ ಮನುಷ್ಯಮಾತ್ರನ ಉದರದೊಳಗೆ ಉದ್ಭವಿಸುವ ಶೂನ್ಯವನ್ನು ಕುರಿತು ನಮ್ಮ ಶಾಸ್ತ್ರಕಾರರು ಮೌನ ವಹಿಸಿರುವುದು ವಿಸ್ಮಯಕರವಾದುದು. ಆಂಗ್ಲರ ನಾಡಿನಲ್ಲಿ ಬೆಡ್‌ಫರ್ಡಿನ ಏಳನೆಯ ಡಚೆಸ್ ಅನ್ನಾ ಎಂಬಾಕೆಯು, 1840ರ ಸುಮಾರಿನಲ್ಲಿ, ರಾತ್ರಿಯ ಭೋಜನವು ಬಹಳ ತಡವಾಗುತ್ತಿದ್ದ ಕಾರಣ ಸಂಜೆಯ ಸಂಕಟವನ್ನು ತಾಳಲಾರದೆ ಚಹಾ, ಬ್ರೆಡ್ಡು, ಬೆಣ್ಣೆಗಳನ್ನು ತನ್ನ ಕೋಣೆಗೇ ತರಿಸಿಕೊಂಡಳೆಂದೂ, ಆಮೇಲೆ ಗೆಳತಿಯರನ್ನೂ ಕರೆದಳೆಂದೂ, ಅಪರಾಹ್ಣ ಚಹಾ ಎಂಬ ಮಹಾಸಂಸ್ಥೆಯು ಅಲ್ಲಿಂದ ಮೊದಲಾಯಿತೆಂದೂ ಪ್ರತೀತಿಯುಂಟು. ಇದು ಪೂರ್ವಪಕ್ಷ. ಈ ಸಂಸ್ಥೆಯ ಮೂಲಸ್ಥಾನವು ತುಮಕೂರಿನ ಮಗ್ಗುಲಿನ ಕ್ಯಾತ್ಸಂದ್ರವೇ ಹೊರತು ಅನ್ಯವಲ್ಲವೆಂಬುದು ನಮ್ಮ ಸಿದ್ಧಾಂತ.

ಮೊದಲನೆಯದಾಗಿ ಅನುಮಾನ ಪ್ರಮಾಣ. ಐಷಾರಾಮಿ ಹೋಟೆಲುಗಳಲ್ಲಿ ಈ ಚಹಾದೊಡನೆ ಒಂದರ ಮೇಲೊಂದಾಗಿ ಮೂರು ತಟ್ಟೆಗಳನ್ನು ಹೊತ್ತ, ನೆತ್ತಿಯಲ್ಲಿ ಹಿಡಿಯುಳ್ಳ ಒಂದು ಸ್ಟ್ಯಾಂಡು ಬರುತ್ತದೆ. ಕೆಳಗೆ ಸ್ಯಾಂಡ್‌ವಿಚ್ಚು, ನಡುವೆ ಸ್ಕೋನ್ ಎಂಬ ಬನ್ನಿನ ದಾಯಾದಿ, ಮೇಲೆ ಸಿಹಿ. ಭಕ್ಷಕನು ಭೂಲೋಕದಿಂದ ಸ್ವರ್ಗಲೋಕಕ್ಕೆ ಕ್ರಮವಾಗಿ ಏರತಕ್ಕದ್ದು. ಕ್ಯಾತ್ಸಂದ್ರದ ತಟ್ಟೆ ಇಡ್ಲಿಯ ಸ್ಟ್ಯಾಂಡನ್ನು ಹಬೆಯೊಳಗಿಂದ ಎತ್ತುವಾಗ ಕಂಡ ಯಾವನಿಗೂ ಈ ಎರಡರ ಸಗೋತ್ರತ್ವವನ್ನು ವಿವರಿಸಿ ಹೇಳಬೇಕಾದುದಿಲ್ಲ. ಸ್ಕೋನಿಗೆ ಮೊದಲು ಕ್ರೀಮು ಸವರಬೇಕೆಂದು ಡೆವನ್ ಸೀಮೆಯವರೂ, ಮೊದಲು ಜಾಮು ಸವರಬೇಕೆಂದು ಕಾರ್ನ್‌ವಾಲಿನವರೂ ನಡೆಸುತ್ತಿರುವ ವಾಗ್ವಾದವಾದರೋ, ಚಟ್ನಿಯನ್ನು ಇಡ್ಲಿಯ ನೆತ್ತಿಗೇ ಸುರಿಸಿಕೊಳ್ಳುವ ಪಂಥಕ್ಕೂ ಪಕ್ಕದಲ್ಲಿ ಹಾಕಿಸಿಕೊಳ್ಳುವ ಪಂಥಕ್ಕೂ ನಮ್ಮಲ್ಲಿರುವ ಭೇದದ ಛಾಯೆಯೆಂಬುದು ಸ್ಪಷ್ಟ.

ಎರಡನೆಯದು ಶಾಸನ ಪ್ರಮಾಣ. ತುಮಕೂರು ಜಿಲ್ಲೆಯ ಶಾಸನಗಳಿಗೇ ಮೀಸಲಾದ ಎಪಿಗ್ರಾಫಿಯಾ ಕರ್ನಾಟಿಕದ 12ನೆಯ ಸಂಪುಟವನ್ನು ಜಾಲಾಡಿದರೂ ಡಚೆಸಮ್ಮನವರು ಕ್ಯಾತ್ಸಂದ್ರಕ್ಕೆ ಬಿಜಯಂಗೈದುದಕ್ಕೆ ಆಧಾರ ದೊರೆಯದು, ಬಿಜಯಂಗೈಯಲಿಲ್ಲವೆಂಬುದಕ್ಕೂ ದೊರೆಯದು. ಹೆಸರಿನಲ್ಲಿಯೇ ಅಕ್ಕಿಯನ್ನು ಇಟ್ಟುಕೊಂಡಿದ್ದ ಸಂಪಾದಕ ರೈಸ್ ಸಾಹೇಬರು ಇಡ್ಲಿಯ ವಿಷಯದಲ್ಲಿ ಇಷ್ಟು ಉದಾಸೀನರಾದುದು ಸಂಶೋಧಕರ ಪಾಲಿನ ದುರ್ದೈವ. ಆದರೆ 1834ರಿಂದ 1861ರವರೆಗೆ ಮೈಸೂರು ಸೀಮೆಯನ್ನು ಆಳಿದವರು ಕಬ್ಬನ್ ಸಾಹೇಬರಾದುದರಿಂದ, ಇಡ್ಲಿಯ ಸುದ್ದಿಯು ಸರ್ಕಾರಿ ಟಪ್ಪಾಲಿನಲ್ಲಿ ವಿಲಾಯತಿಗೆ ಹೋಗಿರಲಾರದೆಂದು ಹೇಳುವವರು ಅದನ್ನು ಸಾಧಿಸಿ ತೋರಿಸತಕ್ಕದ್ದು. ಸಾಧಿಸುವ ಹೊರೆಯನ್ನು ಎದುರಾಳಿಯ ಮೇಲೆ ಹೊರಿಸುವುದು ಸಂಶೋಧನೆಯ ಅತ್ಯಂತ ಸುಖಕರವಾದ ಭಾಗ.

ಇನ್ನುಳಿದುದು ಪ್ರತ್ಯಕ್ಷ. ಬೆಂಗಳೂರಿನಲ್ಲಿ 1887ರಲ್ಲಿ ಬ್ರಾನ್ಸನ್ ಎಂಬ ದೊರೆಸಾನಿಯ ಹತ್ತು ಕೋಣೆಗಳ ವಸತಿಗೃಹವಾಗಿ ತೊಡಗಿ ವೆಸ್ಟ್ ಎಂಡ್ ಎಂದು ಪ್ರಸಿದ್ಧವಾದ ಹೋಟೆಲಿನ ಕಾಲದಿಂದಲೂ ಇಂತಹ ಉಪಚಾರಗಳು ನಮ್ಮ ಸೀಮೆಗೆ ಅಪರಿಚಿತವಲ್ಲ. ನಾನು ಹೋದುದು ಅದಕ್ಕಲ್ಲ. ಹೆಸರು ಬೇಡದ ಬೇರೊಂದು ಪಂಚತಾರಾ ಹೋಟೆಲಿಗೆ, ಗುಬ್ಬಿಯಲ್ಲಿ ತೆಂಗು ಅಡಿಕೆಯ ತೋಟವುಳ್ಳ ನನ್ನ ಷಡ್ಡಕರೊಡನೆ. ಅಂದಿನ ಚಹಾಕ್ಕೆ 'ಥೀಮು' ಒಂದಿತ್ತು. 1865ರಲ್ಲಿ ಪ್ರಕಟವಾದ ಆಲಿಸಳ ಕಥೆಯಲ್ಲಿ ಟೋಪಿಯವನೊಬ್ಬನ ಪಾಲಿಗೆ ಕಾಲವು ಆರು ಗಂಟೆಗೇ ನಿಂತುಬಿಟ್ಟು, ಅವನಿಗೆ ಸದಾಕಾಲವೂ ಚಹಾದ ಹೊತ್ತೇ ಆಗಿರುತ್ತದಷ್ಟೆ? ಅದಕ್ಕಾಗಿ ಬಿಸ್ಕತ್ತುಗಳೆಲ್ಲ ಗಡಿಯಾರದ ಆಕಾರದಲ್ಲಿದ್ದುವು. ಷಡ್ಡಕರು ಒಂದನ್ನು ಎತ್ತಿ, ತಿರುಗಿಸಿ, ಕಿವಿಯ ಬಳಿ ಹಿಡಿದು ನೋಡಿ, ಕೆಳಗಿಟ್ಟರು. "ಅಣ್ಣಾ, ನಮ್ಮೂರ ನಾಟಕದ ಕಂಪನಿ 1884ರಲ್ಲಿ ಹುಟ್ಟಿದ್ದು. ವೀರಣ್ಣನೋರು ಕುರುಕ್ಷೇತ್ರ ಆಡಿಸ್ದಾಗ ನಿಜವಾದ ಆನೆ ಕುದುರೇನೇ ಸ್ಟೇಜಿಗೆ ತಂದ್ರು. ಆದ್ರೆ ನಾಟಕ ಮುಗಿದ್ಮೇಲೆ ಆನೇನ ತಿಂದುಬಿಡಿ ಅಂತ ಯಾರಿಗೂ ಹೇಳ್ಲಿಲ್ಲ."

ಈ ಆಕ್ಷೇಪಣೆಯು ಗಹನವಾದುದು. ಟೀಪುವಿನ ಕಾಲದ ಖ್ಯಾತಿಯುಳ್ಳ ಕುಣಿಗಲ್ಲಿನ ಕುದುರೆ ಫಾರಮ್ಮಿನಲ್ಲಿಯೂ ಹೊತ್ತು ಹೊತ್ತಿಗೆ ಉಪಾಹಾರವುಂಟು. ಆದರೆ ಹುರುಳಿಯನ್ನು ಲಾಳದ ಆಕಾರದಲ್ಲಿ ಅಚ್ಚು ಹಾಕಿ ಕೊಟ್ಟಲ್ಲದೆ ಮುಟ್ಟೆನೆಂದು ಯಾವ ಕುದುರೆಯೂ ಹಟ ಹಿಡಿದ ವಾರ್ತೆಯಿಲ್ಲ. ಹಸಿವಿದ್ದಲ್ಲಿ ಥೀಮು ಬೇಡ. ಮಧ್ಯಾಹ್ನ ಎರಡು ಗಂಟೆಗೆ ಪುಷ್ಕಳವಾಗಿ ಉಂಡು ಬಂದವನಿಗೆ ನಾಲ್ಕಕ್ಕೆ ತಿನ್ನಿಸಬೇಕಾದರೆ ಕಥೆಯೊಂದನ್ನು ಹೇಳಲೇಬೇಕು, ಮಗುವಿಗೆ ಚಂದಮಾಮನನ್ನು ತೋರಿಸಿದ ಹಾಗೆ. ಪಾಪ, ಡಚೆಸಮ್ಮನಿಗೆ ನಿಜವಾಗಿಯೂ ಹಸಿವಾಗಿತ್ತು.

ಅಷ್ಟರಲ್ಲಿ ಷಡ್ಡಕರು ಬಡಿಸುವ ಹುಡುಗನನ್ನು ಕರೆದು, "ತಮ್ಮಾ, ಈ ಟೀ ಬೈಟೂ ಆಗುತ್ತೇನಪ್ಪಾ?" ಎಂದು ಕೇಳಿಬಿಟ್ಟರು. ಪಕ್ಕದ ಮೇಜುಗಳು ಸ್ತಬ್ಧವಾದುವು. ಹುಡುಗನು ಒಂದು ಕ್ಷಣ ಆಚೀಚೆ ನೋಡಿ, ಬಗ್ಗಿ, ದನಿ ತಗ್ಗಿಸಿ, "ಇಲ್ಲ ಸಾರ್, ಇಲ್ಲಿ ತಲೆಗೊಂದೇ ಲೆಕ್ಕ. ನಮ್ದೂ ನಿಮ್ ಕಡೇನೇ ಸಾರ್, ಕುಣಿಗಲ್ಲು. ಹಸಿವಾಗಿದ್ರೆ ಹೋಗ್ತಾ ದಾರೀಲಿ ಕ್ಯಾತ್ಸಂದ್ರದಲ್ಲಿ ನಿಲ್ಸಿ" ಎಂದನು. ಆಪ್ತವಾಕ್ಯವೂ ಪ್ರಮಾಣವೇ ಎಂದು ತಾರ್ಕಿಕರು ಒಪ್ಪಿರುವುದರಿಂದ, ನಮ್ಮ ಸಿದ್ಧಾಂತಕ್ಕೆ ಇದಕ್ಕಿಂತ ಬಲವಾದ ಸಾಕ್ಷ್ಯವನ್ನು ನಾನು ಅಪೇಕ್ಷಿಸಲಿಲ್ಲ.

ಕ್ಯಾತ್ಸಂದ್ರದಲ್ಲಿ ಇಳಿದಾಗ ದೀಪ ಹಚ್ಚುವ ಹೊತ್ತು. ಸ್ಟ್ಯಾಂಡಿನ ಅಂತಸ್ತುಗಳೆಷ್ಟೆಂಬುದನ್ನು ಸ್ಥಳದಲ್ಲಿಯೇ ಎಣಿಸಿ ಬರೆದುಕೊಳ್ಳೋಣವೆಂದು ನಾನು ಕಾಗದ ಪೆನ್ಸಿಲುಗಳನ್ನು ತೆಗೆದು ಒಲೆಯ ಬಳಿಗೆ ಹೋಗಿ ನಿಂತೆ. ಮುಚ್ಚಳ ತೆಗೆದ ಕೂಡಲೇ ಹಬೆ ಬಡಿದು ಕನ್ನಡಕ ಮುಸುಕಿತು. ಒರೆಸಿಕೊಂಡು ನೋಡುವ ವೇಳೆಗೆ ಸ್ಟ್ಯಾಂಡು ಬರಿದಾಗಿತ್ತು; ಷಡ್ಡಕರು ಬೆಣ್ಣೆ ಹಾಕಿಸಿಕೊಂಡು ಎರಡನೆಯ ಇಡ್ಲಿಯಲ್ಲಿದ್ದರು; ಬೈಟೂ ಕಾಫಿಗೆ ಹೇಳಿಯೂ ಆಗಿತ್ತು.